ಫೈಟರ್ ಜೆಟ್ ರೇಡಾರ್ ಕಂಪೇರ್ ಮಾಡುದು ಹೇಗೆ? ಫೋನಿನ ಕ್ಯಾಲ್ಕುಲೇಟರ್ ಇದ್ರೆ ಸಾಕು

ನಮ್ಮ ಕಾಸರಗೋಡು ಕಡೆ ವಿಮಾನದ ಹುಚ್ಚು ಇರುವವರು ಜಾಸ್ತಿ ನೋಡುದು ಮಲಯಾಳ ಯೂಟ್ಯೂಬ್ ವಿಡಿಯೋ, ಅದು ಮುಗಿದ್ರೆ ಹಿಂದಿ, ಆಮೇಲೆ ಇಂಗ್ಲಿಷು. ಭಾಷೆ ಯಾವ್ದಾದ್ರೂ ಟೇಬಲ್ ಮಾತ್ರ ಒಂದೇ. ಎಡಗಡೆ ರಫೇಲ್, ಬಲಗಡೆ ಸುಖೋಯ್-35, ರೇಡಾರ್ ರೇಂಜ್ ಅಂತ ಒಂದು ಸಾಲು, ಅದ್ರಲ್ಲಿ ಒಂದಕ್ಕೆ 200 ಇನ್ನೊಂದಕ್ಕೆ 400, ಆಯ್ತು 400ರದ್ದು ಗೆದ್ದಿತು ಅಂತ ಮ್ಯೂಸಿಕ್ ಹಾಕಿ ಮುಗಿಸ್ತಾರೆ. ಬದಿಯಡ್ಕದ ಹೋಟ್ಲಲ್ಲಿ ಚಾಯ ಕುಡಿತಾ ಇದೇ ಎರಡು ಸಂಖ್ಯೆ ಹಿಡ್ಕೊಂಡು ಬೊಬ್ಬೆ ಹಾಕುವವ್ರೂ ಇದ್ದಾರೆ. ಆ ಎರಡು ಸಂಖ್ಯೆಯನ್ನು ಪಕ್ಕಪಕ್ಕ ಇಡ್ಲಿಕ್ಕೇ ಆಗುದಿಲ್ಲ ಮಾರಾಯ್ರೆ. ಯಾಕೆ, ಮತ್ತೆ ಅದನ್ನು ಇಡ್ಲಿಕ್ಕೆ ಆಗುವ ಹಾಗೆ ಮಾಡುದು ಹೇಗೆ ಅಂತ ಇಲ್ಲಿ ಬರ್ದಿದ್ದೇನೆ.

ರೇಂಜ್ ಅಂತ ಯಾವ ಸಂಖ್ಯೆ ಕಂಡ್ರೂ ಮೊದ್ಲು ನಾಲ್ಕು ಪ್ರಶ್ನೆ ಕೇಳಿ: ಎಷ್ಟು ದೊಡ್ಡ ಟಾರ್ಗೆಟ್, ಅದು ಯಾವ ಕಡೆಯಿಂದ ಬರ್ತಾ ಉಂಟು, ರೇಡಾರ್ ಎಷ್ಟು ಅಗಲ ಆಕಾಶ ಹುಡುಕ್ತಾ ಉಂಟು, ಮತ್ತೆ ಅದು ಬರೀ ಕಂಡದ್ದಾ ಅಥ್ವಾ ಮಿಸೈಲ್ ಬಿಡುವಷ್ಟು ಗಟ್ಟಿಯಾಗಿ ಟ್ರ್ಯಾಕ್ ಮಾಡಿದ್ದಾ. ನಾಲ್ಕಕ್ಕೂ ಉತ್ತರ ಇಲ್ಲದ ಸಂಖ್ಯೆ ಬರೀ ಜಾಹೀರಾತು.

ಟಾರ್ಗೆಟಿನ ಸೈಜ್ ಅಂದ್ರೆ ಆರ್‌ಸಿಎಸ್, ರೇಡಾರಿನ ಕಣ್ಣಿಗೆ ವಿಮಾನ ಎಷ್ಟು ದೊಡ್ಡದು ಕಾಣ್ತದೆ ಅನ್ನುದು, ಚದರ ಮೀಟರಲ್ಲಿ ಹೇಳ್ತಾರೆ. ವಿಮಾನದ ನಿಜವಾದ ಉದ್ದ ಅಗಲಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಒಬ್ಬ 5 ಚದರ ಮೀಟರ್ ಟಾರ್ಗೆಟಿಗೆ ಲೆಕ್ಕ ಕೊಡ್ತಾನೆ, ಇನ್ನೊಬ್ಬ 1ಕ್ಕೆ, ಮತ್ತೊಬ್ಬ ಎಂತದೂ ಹೇಳುದೇ ಇಲ್ಲ. ಇಲ್ಲಿ ಕೆಲ್ಸಕ್ಕೆ ಬರುದು ರೇಡಾರ್ ಸಮೀಕರಣದ ಒಂದು ತುಂಡು ಮಾತ್ರ. ರೇಡಾರ್ ಅಲೆ ಹೋಗ್ಲಿಕ್ಕೂ ಹರಡ್ತದೆ, ತಾಗಿ ವಾಪಾಸು ಬರ್ಲಿಕ್ಕೂ ಹರಡ್ತದೆ, ಹಾಗಾಗಿ ವಾಪಾಸು ಸಿಗುವ ಸಿಗ್ನಲ್ ದೂರದ ನಾಲ್ಕನೇ ಘಾತದ ಲೆಕ್ಕದಲ್ಲಿ ಕಮ್ಮಿ ಆಗ್ತಾ ಹೋಗ್ತದೆ. ತಿರುಗಿಸಿ ಹೇಳಿದ್ರೆ ರೇಂಜ್ ಎರಡು ಪಟ್ಟು ಬೇಕಾದ್ರೆ ಟಾರ್ಗೆಟ್ 16 ಪಟ್ಟು ದೊಡ್ಡದು ಕಾಣ್ಬೇಕು, ಇಲ್ಲದಿದ್ರೆ ಪವರ್ 16 ಪಟ್ಟು ಜಾಸ್ತಿ ಬೇಕು.

ಲೆಕ್ಕ ಮಾಡ್ಲಿಕ್ಕೆ ಫೋನಿನ ಕ್ಯಾಲ್ಕುಲೇಟರ್ ತೆಗೀರಿ. ಎರಡು ಆರ್‌ಸಿಎಸ್ ಭಾಗಿಸಿ, ಬಂದದ್ದಕ್ಕೆ ವರ್ಗಮೂಲದ ಬಟನ್ ಎರಡು ಸಲ ಒತ್ತಿ, ಅದೇ ನಾಲ್ಕನೇ ಮೂಲ. ಸುಮ್ನೆ ಉದಾಹರಣೆಗೆ ಒಂದು ಬ್ರೋಶರಲ್ಲಿ 5 ಚದರ ಮೀಟರಿಗೆ 180 ಕಿ.ಮೀ. ಅಂತ, ಇನ್ನೊಂದ್ರಲ್ಲಿ 1 ಚದರ ಮೀಟರಿಗೆ 130 ಕಿ.ಮೀ. ಅಂತ ಉಂಟು ಅಂತ ಇಟ್ಕೊಳ್ಳಿ. 5 ಭಾಗಿಸು 1 ಅಂದ್ರೆ 5, ಎರಡು ಸಲ ಮೂಲ ಒತ್ತಿದ್ರೆ ಹತ್ರಹತ್ರ 1.5, 180ನ್ನು ಅದ್ರಿಂದ ಭಾಗಿಸಿದ್ರೆ 120. ಅಂದ್ರೆ 180ರ ರೇಡಾರ್ 1 ಚದರ ಮೀಟರ್ ಟಾರ್ಗೆಟನ್ನು ನೋಡುದು 120ರಲ್ಲಿ, ಸಣ್ಣ ಸಂಖ್ಯೆ ಬರ್ದವನೇ ಇಲ್ಲಿ ಮುಂದೆ.

ಈಗ ನಿಜವಾದ ರೇಡಾರಿಗೆ ಇದನ್ನೇ ಹಚ್ಚಿ ನೋಡುವ. ಸುಖೋಯ್-35ರ ಇರ್ಬಿಸ್-ಇ ರೇಡಾರಿಗೆ ರಷ್ಯನ್ನರು ಹೇಳುದು 3 ಚದರ ಮೀಟರ್ ಟಾರ್ಗೆಟ್ ಎದುರಿಂದ ಬಂದ್ರೆ 350ರಿಂದ 400 ಕಿ.ಮೀ. ಅಂತ. 0.01 ಚದರ ಮೀಟರಿನ ಸ್ಟೆಲ್ತ್ ವಿಮಾನ ಬಂದ್ರೆ? 3 ಭಾಗಿಸು 0.01 ಅಂದ್ರೆ 300, ಮೂಲ ಎರಡು ಸಲ ಒತ್ತಿದ್ರೆ 4.16, 400 ಭಾಗಿಸು 4.16 ಅಂದ್ರೆ 96. ಅವ್ರದ್ದೇ ಕ್ಲೈಮ್ 90 ಕಿ.ಮೀ. ನೋಡಿ ಸರಿಯಾಗಿ ಕೂತಿತಲ್ಲ! ಹೀಗೆ ಒಂದೇ ಕಂಪನಿಯ ಎರಡು ಸಂಖ್ಯೆ ಒಂದಕ್ಕೊಂದು ತಾಳೆ ಆಗ್ತದಾ ಅಂತ ನೋಡ್ಲಿಕ್ಕೂ ಈ ಲೆಕ್ಕ ಒಳ್ಳೇದು.

ಆದ್ರೆ ಆ 400ರ ಹಿಂದೆ ಇನ್ನೊಂದು ಷರತ್ತು ಉಂಟು, ಅದನ್ನು ಯಾವ ವಿಡಿಯೋದವನೂ ಓದಿ ಹೇಳುದಿಲ್ಲ. ಅದು ಬರೀ 100 ಚದರ ಡಿಗ್ರಿ ಆಕಾಶ ಹುಡುಕುವಾಗ, ಅಂದ್ರೆ 10 ಡಿಗ್ರಿಗೆ 10 ಡಿಗ್ರಿಯ ಒಂದು ಕಿಂಡಿ. ಎದುರಿನ ಆಕಾಶ ಅಡ್ಡಕ್ಕೆ 120 ಡಿಗ್ರಿ, ಎತ್ತರಕ್ಕೆ 60 ಡಿಗ್ರಿ ಅಂತ ಹಿಡಿದ್ರೂ 7200 ಆಗ್ತದೆ, ಅದ್ರಲ್ಲಿ 72ರಲ್ಲಿ ಒಂದು ಪಾಲು ಇದು. 300 ಚದರ ಡಿಗ್ರಿ ಹುಡುಕುವಾಗ ಅದೇ ರೇಡಾರಿಗೆ ಹೇಳುದು 200 ಕಿ.ಮೀ., ಕೆಳಗೆ ನೆಲದ ಕಡೆ ನೋಡಿದ್ರೆ 170. ರಾತ್ರಿ ಅಡಿಕೆ ತೋಟಕ್ಕೆ ಹೋಗುವಾಗ ಟಾರ್ಚಿನ ತಲೆ ತಿರುಗಿಸಿ ಬೆಳಕು ಒಟ್ಟು ಮಾಡಿದ್ರೆ ಆಚೆ ಬದಿಯ ಬೇಲಿವರೆಗೂ ಕಾಣ್ತದೆ, ಆದ್ರೆ ಬೇಲಿಯ ಒಂದು ಗೂಟ ಮಾತ್ರ, ಹಂದಿ ಪಕ್ಕದಲ್ಲೇ ನಿಂತಿದ್ರೆ ಗೊತ್ತಾಗುದಿಲ್ಲ. 400 ಅನ್ನುದು ಸುಳ್ಳಲ್ಲ, ಎಲ್ಲಿ ನೋಡ್ಬೇಕು ಅಂತ ಬೇರೆ ಯಾರಾದ್ರೂ ಮೊದ್ಲೇ ಹೇಳಿದ್ರೆ ಸಿಗುವ ಸಂಖ್ಯೆ ಅದು.

ಯಾವ ಕಡೆಯಿಂದ ಅನ್ನುದು ಅಷ್ಟೇ ಮುಖ್ಯ. ಈಗಿನ ಫೈಟರ್ ರೇಡಾರ್ ಎಲ್ಲ ಡಾಪ್ಲರ್ ಮೇಲೆ ನಡೀತದೆ, ಅಂದ್ರೆ ವಾಪಾಸು ಬಂದ ಅಲೆಯ ಫ್ರೀಕ್ವೆನ್ಸಿ ಎಷ್ಟು ಬದಲಾಗಿದೆ ಅಂತ ನೋಡಿ ಸ್ಪೀಡ್ ತಿಳ್ಕೊಳ್ತದೆ, ನೆಲ ಸಮುದ್ರ ಗುಡ್ಡದಿಂದ ಬರುವ ಗಲಾಟೆಯನ್ನು ಸ್ಪೀಡ್ ನೋಡಿ ಸೋಸಿ ತೆಗೀತದೆ. ಎದುರಿಂದ ಬರುವ ವಿಮಾನಕ್ಕೆ ಸ್ಪೀಡ್ ವ್ಯತ್ಯಾಸ ಜಾಸ್ತಿ, ಸುಲಭದಲ್ಲಿ ಸಿಕ್ತದೆ. ಹಿಂದಿನಿಂದ ಅಟ್ಟಿಸ್ಕೊಂಡು ಹೋದ್ರೆ ರೇಂಜ್ ತುಂಬಾ ಕಮ್ಮಿ ಆಗ್ತದೆ. ಇನ್ನು ಅವ ಅಡ್ಡ ತಿರುಗಿ 90 ಡಿಗ್ರಿಯಲ್ಲಿ ಹಾರಿದ್ರೆ ಅವನ ಸ್ಪೀಡ್ ನೆಲದ ಸ್ಪೀಡಿಗೇ ಸಮ ಕಾಣ್ತದೆ, ರೇಡಾರ್ ಅವನನ್ನೂ ಗುಡ್ಡದ ಲೆಕ್ಕಕ್ಕೆ ಸೇರಿಸಿ ಬಿಟ್ಟುಬಿಡ್ಬಹುದು, ಪೈಲಟ್‌ಗಳು ಬೇಕಂತಲೇ ಹೀಗೆ ಮಾಡ್ತಾರೆ. ಬ್ರೋಶರಲ್ಲಿ ಕಡೆ ಹೇಳದಿದ್ರೆ ಎದುರಿಂದ ಅಂತಲೇ ಹಿಡಿರಿ.

ಪವರ್ ನೋಡಿ ಮರುಳಾಗುವವ್ರಿಗೆ ಮಿಗ್-25ರ ಕಥೆ ಸಾಕು. 1976ರ ಸೆಪ್ಟೆಂಬರ್ 6ಕ್ಕೆ ಬೆಲೆಂಕೊ ಅಂತ ಸೋವಿಯತ್ ಪೈಲಟ್ ಅದನ್ನು ತಗೊಂಡು ಹೋಗಿ ಜಪಾನಿನ ಹಕೊಡಾಟೆಯಲ್ಲಿ ಇಳಿಸಿದ, ಅಮೆರಿಕದವ್ರು ಬಿಚ್ಚಿ ನೋಡಿದ್ರೆ ರೇಡಾರ್ ತುಂಬಾ ವ್ಯಾಕ್ಯೂಮ್ ಟ್ಯೂಬ್, ಪೀಕ್ ಪವರ್ 600 ಕಿಲೋವಾಟ್. ಇರ್ಬಿಸ್‌ದು ಪೀಕ್ 20 ಕಿಲೋವಾಟ್ ಅಷ್ಟೇ. 30 ಪಟ್ಟು ಪವರ್, ನಾಲ್ಕನೇ ಮೂಲದ ಲೆಕ್ಕದಲ್ಲಿ 2.3 ಪಟ್ಟು ದೂರ ಕಾಣ್ಬೇಕಿತ್ತು, ಆದ್ರೆ ಅದು ದೊಡ್ಡ ಬಾಂಬರನ್ನೇ ನೋಡ್ತಾ ಇದ್ದದ್ದು 100 ಕಿ.ಮೀ. ಆಸುಪಾಸಲ್ಲಿ, ಕೆಳಗೆ ನೆಲಕ್ಕೆ ಅಂಟಿಕೊಂಡು ಹಾರುವ ವಿಮಾನ ಅದಕ್ಕೆ ಸಿಗ್ತಾನೇ ಇರ್ಲಿಲ್ಲ. ಸಿಗ್ನಲ್ ಕಳಿಸುದು ಅರ್ಧ ಕೆಲ್ಸ, ವಾಪಾಸು ಬಂದದ್ರಲ್ಲಿ ವಿಮಾನ ಯಾವ್ದು ಕಸ ಯಾವ್ದು ಅಂತ ಹೆಕ್ಕುದು ಪ್ರೊಸೆಸರಿನ ಕೆಲ್ಸ.

ಇನ್ನು ವಿಮಾನದ ಮೂತಿಯ ಸೈಜ್, ರೇಡಾರಿನ ತಟ್ಟೆ, ಅಂದ್ರೆ ಆಂಟೆನಾ, ಕೂರುದು ಅದ್ರೊಳಗೆ. ನನ್ನ ಲೆಕ್ಕದಲ್ಲಿ ಯಾರೂ ಸುಳ್ಳು ಹೇಳ್ಲಿಕ್ಕೆ ಆಗದ ವಿಷಯ ಇದೊಂದೇ, ಯಾಕಂದ್ರೆ ಫೋಟೋದಲ್ಲೇ ಕಾಣ್ತದೆ. ಫೈಟರ್ ರೇಡಾರ್‌ಗಳು ಎಕ್ಸ್ ಬ್ಯಾಂಡಲ್ಲಿ ಕೆಲ್ಸ ಮಾಡುದು, ಅಲೆಯ ಉದ್ದ ಸುಮಾರು 3 ಸೆಂ.ಮೀ., ಏಸಾ ರೇಡಾರಲ್ಲಿ, ಅಂದ್ರೆ ತಟ್ಟೆ ತುಂಬಾ ಸಿಗ್ನಲ್ ಕಳಿಸಿ ಹಿಡಿಯುವ ಸಣ್ಣ ಮಾಡ್ಯೂಲ್ ಇರುವ ರೇಡಾರಲ್ಲಿ, ಒಂದೊಂದು ಮಾಡ್ಯೂಲನ್ನು ಅದ್ರ ಅರ್ಧ ದೂರಕ್ಕೆ, ಸುಮಾರು ಒಂದೂವರೆ ಸೆಂ.ಮೀ.ಗೆ ಒಂದರ ಹಾಗೆ ಕೂರಿಸ್ಬೇಕು. 60 ಸೆಂ.ಮೀ. ವ್ಯಾಸದ ತಟ್ಟೆಯಲ್ಲಿ ಲೆಕ್ಕ ಹಾಕಿದ್ರೆ 1250ರ ಆಸುಪಾಸು, 90 ಸೆಂ.ಮೀ. ಆದ್ರೆ 2800. ಸಣ್ಣ ಮೂತಿಯ ವಿಮಾನಕ್ಕೆ 2500 ಮಾಡ್ಯೂಲ್ ಉಂಟು ಅಂತ ಯಾರಾದ್ರೂ ಬರ್ದ್ರೆ ನಗಾಡಿ ಬಿಟ್ಟುಬಿಡಿ. ಎಫ್-22ರ ಎಪಿಜಿ-77ರಲ್ಲಿ ಸುಮಾರು 2000, ರಫೇಲಿನ ಆರ್‌ಬಿಇ2 ಏಸಾದಲ್ಲಿ 838 ಅಂತ ಹೇಳ್ತಾರೆ. ಮಾಡ್ಯೂಲ್ ಒಂದೊಂದ್ರ ಪವರ್ ಸಮ ಅಂತ ಹಿಡಿದ್ರೆ, ಜಾಸ್ತಿ ಮಾಡ್ಯೂಲ್ ಅಂದ್ರೆ ಕಳಿಸುವ ಪವರ್ ಜಾಸ್ತಿ, ಬೀಮ್ ಸಪೂರ, ಹಿಡಿಯುವ ಜಾಗವೂ ದೊಡ್ಡದು, ಮೂರೂ ಒಟ್ಟಿಗೆ ಏರ್ತದೆ. ಹಾಗಾಗಿ ಇಲ್ಲಿ ನಾಲ್ಕನೇ ಮೂಲ ತೆಗೆದು ಬಂದದ್ದನ್ನು ಮೂರು ಸಲ ಬರ್ದು ಒಂದಕ್ಕೊಂದು ಗುಣಿಸ್ಬೇಕು. 2000 ಭಾಗಿಸು 838 ಅಂದ್ರೆ 2.39, ನಾಲ್ಕನೇ ಮೂಲ 1.24, 1.24 ಗುಣಿಸು 1.24 ಗುಣಿಸು 1.24 ಅಂದ್ರೆ 1.9. ಅಂದ್ರೆ ಅಂದಾಜಿಗೆ ಹೆಚ್ಚುಕಮ್ಮಿ ಎರಡು ಪಟ್ಟು ದೂರ. ಅಂದಾಜು ಮಾತ್ರ, ಗ್ಯಾಲಿಯಮ್ ನೈಟ್ರೈಡ್ ಮಾಡ್ಯೂಲ್ ಹಾಕಿದ್ರೆ ಒಂದೊಂದ್ರ ಪವರೇ ಜಾಸ್ತಿ, ಅದಕ್ಕೆ ತಕ್ಕ ಕೂಲಿಂಗ್, ಜನರೇಟರ್ ಕೂಡ ಬೇಕು, ಆಗ ಲೆಕ್ಕ ಬದಲಾಗ್ತದೆ.

ಏಸಾ ಇದ್ರೆ ಮುಗೀತು, ಪೆಸಾ ಹಳೇದು ಅಂತ ಒಂದು ವಾದ ಉಂಟು. ಪೆಸಾದಲ್ಲಿ ಪವರ್ ಬರುದು ಒಂದೇ ಮೂಲದಿಂದ, ಅದು ಕೈಕೊಟ್ರೆ ರೇಡಾರ್ ಲಗಾಡಿ. ಏಸಾದಲ್ಲಿ ನಾಲ್ಕು ಮಾಡ್ಯೂಲ್ ಸತ್ರೂ ಕೆಲ್ಸ ನಡೀತದೆ, ಒಟ್ಟೊಟ್ಟಿಗೆ ಬೇರೆಬೇರೆ ಕೆಲ್ಸ ಮಾಡ್ತದೆ, ಫ್ರೀಕ್ವೆನ್ಸಿ ಬೇಗ ಬೇಗ ಬದಲಾಯಿಸುದ್ರಿಂದ ಜಾಮ್ ಮಾಡ್ಲಿಕ್ಕೂ ಎದುರಿನವನಿಗೆ ಪತ್ತೆ ಹಚ್ಲಿಕ್ಕೂ ಕಷ್ಟ. ಇದೆಲ್ಲ ನಿಜ. ಆದ್ರೆ ರೇಂಜ್ ಮಾತ್ರ ನೋಡಿದ್ರೆ ದೊಡ್ಡ ತಟ್ಟೆಯ ಪೆಸಾ ಸಣ್ಣ ತಟ್ಟೆಯ ಏಸಾಗಿಂತ ದೂರ ನೋಡ್ಬಹುದು, ಆ ವಾದದಲ್ಲಿ ಇಬ್ರೂ ಅರ್ಧರ್ಧ ಸರಿ.

ಬದಿಗೆ ಎಷ್ಟು ಕಾಣ್ತದೆ ಅಂತಲೂ ನೋಡಿ. ತಟ್ಟೆ ತಿರುಗದೆ ಬೀಮ್ ಮಾತ್ರ 60 ಡಿಗ್ರಿ ಬಗ್ಗಿಸಿದ್ರೆ ತಟ್ಟೆಯ ಅಗಲ ಅರ್ಧ ಇದ್ದ ಹಾಗೆ ಆಗ್ತದೆ, ಕಳಿಸುವಾಗ ಅರ್ಧ, ಹಿಡಿಯುವಾಗ ಅರ್ಧ, ಒಟ್ಟು ಕಾಲು, ಅದ್ರ ನಾಲ್ಕನೇ ಮೂಲ 0.7. ಎದುರಿಗೆ 200 ಇದ್ದದ್ದು ಬದಿಗೆ 140. ಎಫ್-22, ರಫೇಲ್‌ದೆಲ್ಲ ಫಿಕ್ಸ್ ತಟ್ಟೆ. ನಮ್ಮ ಸುಖೋಯ್-30 ಎಂಕೆಐಯ ಬಾರ್ಸ್ ಪೆಸಾ ಆದ್ರೂ ಅದ್ರ ತಟ್ಟೆಯೇ ಬದಿಗೆ ತಿರುಗ್ತದೆ. ಗ್ರಿಪೆನ್-ಇಯ ರೇವನ್ ಏಸಾದಲ್ಲಿ ಓರೆ ತಟ್ಟೆಯನ್ನು ತಿರುಗಿಸಿ ಎರಡೂ ಬದಿಗೆ 100 ಡಿಗ್ರಿ ತನಕ ನೋಡ್ತಾರೆ, ಮಿಸೈಲ್ ಬಿಟ್ಟು ಅಡ್ಡ ತಿರುಗಿ ಓಡುವಾಗ ಇದು ಎಷ್ಟು ಉಪಕಾರ ಅಂತ ಹೇಳ್ಬೇಕಾಗಿಲ್ಲ.

ಭೂಮಿ ಉರುಟು ಅನ್ನುದನ್ನೂ ಮರೀಬೇಡಿ. ಎರಡೂ ಎತ್ತರದ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿ, ಎತ್ತರ ಮೀಟರಲ್ಲಿ ಹಾಕಿದ್ರೆ ದೂರ ಕಿ.ಮೀ.ಯಲ್ಲಿ ಬರ್ತದೆ. ಬೇಕಲ ಕಡಲಕರೆಯಲ್ಲಿ 25 ಮೀಟರ್ ಎತ್ತರಕ್ಕೆ ಒಂದು ರೇಡಾರ್ ಇಟ್ರು, ಅರಬ್ಬಿ ಸಮುದ್ರದ ಮೇಲೆ 100 ಮೀಟರಲ್ಲಿ ವಿಮಾನ ಬಂತು ಅಂತ ಇಟ್ಕೊಳ್ಳಿ: 5 ಕೂಡಿಸು 10 ಅಂದ್ರೆ 15, ಗುಣಿಸಿದ್ರೆ 62 ಕಿ.ಮೀ. ರೇಡಾರ್ ಎಷ್ಟೇ ದೊಡ್ಡದಿರ್ಲಿ ಅದಕ್ಕಿಂತ ಆಚೆ ಕಾಣುದಿಲ್ಲ. ಅದೇ ವಿಮಾನವನ್ನು 9000 ಮೀಟರಲ್ಲಿ ಹಾರುವ ಫೈಟರ್ 430 ಕಿ.ಮೀ. ತನಕ ನೋಡುವ ಅವಕಾಶ ಉಂಟು, ನೋಡುವ ಶಕ್ತಿ ಇದ್ರೆ. ಮತ್ತೆ ಬ್ರೋಶರ್ ಎಲ್ಲ ಬೋಳು ಆಕಾಶಕ್ಕೆ ಬರೆಯುದು, ನಮ್ಮ ಆಟಿ ತಿಂಗಳ ಜಡಿಮಳೆಯ ಮೂಲಕ ಕೆಳಗೆ ನೋಡ್ಬೇಕಾದ್ರೆ ಎಕ್ಸ್ ಬ್ಯಾಂಡಿಗೆ ಪೆಟ್ಟು ಬೀಳ್ತದೆ.

ಇಷ್ಟಾದ ಮೇಲೆ ರೇಡಾರಿಗೆ ರೇಡಾರ್ ಇಟ್ಟು ಕಂಪೇರ್ ಮಾಡುದನ್ನೇ ಬಿಡಿ, ಜೋಡಿ ಮಾಡಿ ನೋಡಿ. ಎ ವಿಮಾನದ ರೇಡಾರಿಗೆ ಬಿ ವಿಮಾನ ಎಷ್ಟು ದೂರದಲ್ಲಿ ಕಾಣ್ತದೆ, ಬಿಗೆ ಎ ಎಷ್ಟು ದೂರದಲ್ಲಿ. ತೇಜಸ್ ಮೂತಿ ಸಣ್ಣದು, ಆದ್ರೆ ವಿಮಾನವೂ ಸಣ್ಣದು, ಎರಡನ್ನೂ ಲೆಕ್ಕಕ್ಕೆ ಹಾಕ್ಬೇಕು. ರೆಕ್ಕೆ ಕೆಳಗೆ ಟ್ಯಾಂಕ್, ಮಿಸೈಲ್ ನೇತಾಡಿಸಿದ್ರೆ ಆರ್‌ಸಿಎಸ್ ಏರ್ತದೆ, ಬೋಳು ವಿಮಾನದ ಸಂಖ್ಯೆ ತಗೊಂಡ್ರೆ ಮೋಸ. ಸ್ಟೆಲ್ತಿನ ಆರ್‌ಸಿಎಸ್ ಯಾವ ದೇಶವೂ ಅಧಿಕೃತವಾಗಿ ಕೊಡುದಿಲ್ಲ, ನೆಟ್ಟಲ್ಲಿ ಸಿಗುದೆಲ್ಲ ಅಂದಾಜು, ಹಾಗಾಗಿ 0.01 ಮತ್ತು 0.0001 ಎರಡಕ್ಕೂ ಲೆಕ್ಕ ಹಾಕಿ ಇಟ್ಕೊಳ್ಳಿ, ನಿಜ ಎಲ್ಲೋ ಮಧ್ಯ ಇರ್ಬಹುದು. ರೇಡಾರ್ ಆನ್ ಮಾಡಿದವ ತಾನೂ ಸಿಕ್ಕಿಬೀಳ್ತಾನೆ, ಅವನ ಸಿಗ್ನಲ್ ಎದುರಿನವನಿಗೆ ಒಂದೇ ದಾರಿ ಹೋದ್ರೆ ಸಾಕು, ವಾಪಾಸು ಬರ್ಬೇಕಾಗಿಲ್ಲ. ಅದಕ್ಕೇ ಈಗ ಬೆನ್ನ ಮೇಲೆ ದೊಡ್ಡ ರೇಡಾರ್ ಹೊತ್ತ ನಮ್ಮ ವಾಯುಪಡೆಯ ನೇತ್ರದಂಥ ವಿಮಾನ ಹಿಂದೆ ನಿಂತು ನೋಡಿ ಡೇಟಾಲಿಂಕಲ್ಲಿ ಹೇಳುದು, ಮುಂದಿನ ಫೈಟರ್ ಸುಮ್ನೆ ರೇಡಾರ್ ಆಫ್ ಮಾಡಿ ಹೋಗುದು.

ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರೋ ಇಂಡಿಯಾ ಆಗ್ತದೆ, ಇಲ್ಲಿಂದ ರಾತ್ರಿ ರೈಲು ಹತ್ತಿದ್ರೆ ಬೆಳಗ್ಗೆ ಬೆಂಗಳೂರು. ಸ್ಟಾಲಲ್ಲಿ ಕವಚ ತೆಗೆದ ರೇಡಾರ್ ಇಟ್ಟಿರ್ತಾರೆ, ತಟ್ಟೆ ಎಷ್ಟು ಗೇಣು ಉಂಟು ಅಂತ ಕಣ್ಣಲ್ಲೇ ಅಳೀರಿ, ಆಮೇಲೆ ಅಲ್ಲಿ ನಿಂತವನ ಹತ್ರ ಆ ನಾಲ್ಕು ಪ್ರಶ್ನೆ ಕೇಳಿ. ಎರಡಕ್ಕೆ ಉತ್ತರ ಬಂದ್ರೂ ಟೇಬಲಲ್ಲಿ ಬರ್ಕೊಳ್ಳಿ, ಉಳಿದ ಖಾನೆ ಖಾಲಿ ಬಿಡಿ. ಬರೀ ಕಿಲೋಮೀಟರ್ ಹೇಳಿ ಉಳಿದದ್ದು ಸೀಕ್ರೆಟ್ ಅಂದ್ರೆ ಕೈಗೆ ಕೊಟ್ಟ ಪೆನ್ನು ಕ್ಯಾಪು ತಗೊಂಡು ಮುಂದಿನ ಸ್ಟಾಲಿಗೆ ನಡೀರಿ.