11 ಗಂಟೆಯೋ, 58 ಗಂಟೆಯೋ? ಟೆಸ್ಟರ್‌ಗಳ ಲೆಕ್ಕ ಹಿಡಿದ ನನ್ನ ಅನುಭವ

ತಿಂಗಳ ರಿವ್ಯೂ ಮೀಟಿಂಗ್. ಹೋದ ತಿಂಗಳು ಬೋರ್ಡ್ ಪರೀಕ್ಷಿಸುವ ಯಂತ್ರಗಳು, ಅಂದರೆ ಟೆಸ್ಟರ್‌ಗಳು, ಕೆಟ್ಟು 58 ಗಂಟೆ ಕೆಲಸ ನಿಂತಿತ್ತು ಅಂತ ಪ್ರೊಡಕ್ಷನ್‌ನವರು ಹೇಳಿದರು. ನಾನು ನನ್ನ ಬ್ರೇಕ್‌ಡೌನ್ ರಿಜಿಸ್ಟರ್ ತೆಗೆದು ತೋರಿಸಿದೆ. ಅದರಲ್ಲಿ ಇದ್ದದ್ದು 11 ಗಂಟೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಅರ್ಧ ಗಂಟೆ ಜಗಳ ನಡೆಯಿತು. ಕೊನೆಗೆ ಮ್ಯಾನೇಜರ್ ಇಬ್ಬರನ್ನೂ ನೋಡಿ, "ಅದೇ ಯಂತ್ರ, ಅದೇ ತಿಂಗಳು. ಮುಂದಿನ ಸಲ ಒಂದೇ ನಂಬರ್ ತನ್ನಿ" ಅಂದರು.

ನಾನು ಪೀಣ್ಯದ ಒಂದು ಯೂನಿಟ್‌ನಲ್ಲಿ ಟೆಸ್ಟ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಎನರ್ಜಿ ಮೀಟರ್‌ನ ಬೋರ್ಡ್‌ಗಳು ತಯಾರಾಗುತ್ತವೆ. ಎಂಟು ಫಂಕ್ಷನಲ್ ಟೆಸ್ಟರ್‌ಗಳಿವೆ. ಪ್ರತಿಯೊಂದರಲ್ಲೂ ಒಂದು ಪಿಸಿ, ಒಂದು ಪವರ್ ಸಪ್ಲೈ, ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ರಿಲೇ ಕಾರ್ಡ್ (ರಿಲೇ ಅಂದರೆ ಪ್ರೋಗ್ರಾಂ ಹೇಳಿದಂತೆ ಸಂಪರ್ಕ ಕೊಡುವ, ಬಿಡಿಸುವ ಸ್ವಿಚ್). ಮೇಲೆ ಬೋರ್ಡ್ ಕೂರಿಸುವ ಫಿಕ್ಸ್ಚರ್, ಅದರಲ್ಲಿ ಬೋರ್ಡನ್ನು ಮುಟ್ಟುವ ಪಿನ್‌ಗಳು. ಆಪರೇಟರ್ ಬೋರ್ಡ್ ಇಟ್ಟು ಹಿಡಿಕೆ ಒತ್ತಿದರೆ ಒಂದೂವರೆ ನಿಮಿಷದಲ್ಲಿ ಪಾಸೋ ಫೇಲೋ ಗೊತ್ತಾಗುತ್ತದೆ.

ಮೀಟಿಂಗ್ ಮುಗಿದ ಮೇಲೆ ನನ್ನ ರಿಜಿಸ್ಟರನ್ನೇ ಕೂತು ಓದಿದೆ. ಎಡವಟ್ಟು ಅಲ್ಲೇ ಇತ್ತು. ಯಂತ್ರ ನಿಂತ ಹೊತ್ತನ್ನು ನಾನು ಬರೆದೇ ಇರಲಿಲ್ಲ. ನಾನು ಅಲ್ಲಿಗೆ ಹೋದ ಹೊತ್ತನ್ನು ಬರೆದಿದ್ದೆ. ಆಪರೇಟರ್ ಸೂಪರ್‌ವೈಸರ್‌ಗೆ ಹೇಳಿ, ಅವರು ನನಗೆ ಫೋನ್ ಮಾಡಿ, ನಾನು ಇನ್ನೊಂದು ಯಂತ್ರದ ಕೆಲಸ ಮುಗಿಸಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿರುತ್ತಿತ್ತು. ಆ ಮುಕ್ಕಾಲು ಗಂಟೆ ಯಾರ ಲೆಕ್ಕದಲ್ಲೂ ಇಲ್ಲ. ಮುಗಿದ ಹೊತ್ತೂ ಅಷ್ಟೇ. ನಾನು ಸ್ಕ್ರೂಡ್ರೈವರ್ ಜೇಬಿಗೆ ಹಾಕಿದ ಕ್ಷಣಕ್ಕೆ "ಸರಿಯಾಯಿತು" ಅಂತ ಬರೆಯುತ್ತಿದ್ದೆ. ಮೊದಲ ಬೋರ್ಡ್ ಪಾಸ್ ಆಗಿ ಹೊರಗೆ ಬರಲು ಇನ್ನೂ ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ಪ್ರೊಡಕ್ಷನ್‌ನವರ 58 ಕೂಡ ಶುದ್ಧ ಅಲ್ಲ ಬಿಡಿ. ಬೋರ್ಡ್ ಬರದೆ ಟೆಸ್ಟರ್ ಸುಮ್ನೆ ಕೂತ ಹೊತ್ತನ್ನೂ ಅವರು ಅದರಲ್ಲಿ ಸೇರಿಸಿದ್ದರು.

ಹಾಗಾಗಿ ಮೊದಲು ಮಾಡಿದ್ದು ಲೆಕ್ಕವಲ್ಲ, ಪದಗಳ ಒಪ್ಪಂದ. ಚಿಪ್ ತಯಾರಿಸುವವರು ಬಳಸುವ ಸೆಮಿ ಇ10 ಅನ್ನುವ ಸ್ಟ್ಯಾಂಡರ್ಡ್ ಒಂದಿದೆ. ಯಂತ್ರದ ಒಟ್ಟು ಸಮಯವನ್ನು ಅದು ಆರು ಪಾಲು ಮಾಡುತ್ತದೆ. ಕೆಲಸ ಮಾಡಿದ್ದು, ಕೆಲಸವಿಲ್ಲದೆ ಕಾದದ್ದು, ಎಂಜಿನಿಯರ್‌ಗಳು ಪ್ರಯೋಗಕ್ಕೆ ತೆಗೆದುಕೊಂಡದ್ದು, ಮೊದಲೇ ಗೊತ್ತು ಮಾಡಿ ನಿಲ್ಲಿಸಿದ್ದು, ಕೆಟ್ಟು ನಿಂತದ್ದು, ಶಿಫ್ಟೇ ಇಲ್ಲದ ಹೊತ್ತು. ನಮ್ಮಂಥ ಸಣ್ಣ ಜಾಗಕ್ಕೆ ಆರು ಜಾಸ್ತಿ. ನಾಲ್ಕು ಇಟ್ಟುಕೊಂಡೆ: ಓಡಿತು, ಕಾಯಿತು, ನಿಲ್ಲಿಸಿದೆವು, ಕೆಟ್ಟಿತು. ಈ ನಾಲ್ಕು ಪದಗಳಿಗೆ ಪ್ರೊಡಕ್ಷನ್ ಸೂಪರ್‌ವೈಸರ್‌ರಿಂದ ಸಹಿ ಹಾಕಿಸಿಕೊಂಡೆ. ನಗಬೇಡಿ, ಆ ಸಹಿ ಇಲ್ಲದಿದ್ದರೆ ಮುಂದಿನ ಮೀಟಿಂಗ್‌ನಲ್ಲಿ ಅದೇ ಜಗಳ.

ಆಮೇಲೆ ಪ್ರತಿ ಟೆಸ್ಟರ್‌ಗೂ ಒಂದು ನೋಟ್‌ಬುಕ್ ದಾರದಲ್ಲಿ ಕಟ್ಟಿದೆ. ಪೆನ್ನನ್ನೂ ಕಟ್ಟಿದೆ, ಕಟ್ಟದಿದ್ದರೆ ಮಧ್ಯಾಹ್ನದ ಊಟದೊಳಗೆ ಮಾಯ. ಬರೆಯಬೇಕಾದ್ದು ಮೂರೇ ಸಮಯ: ನಿಂತದ್ದು ಎಷ್ಟಕ್ಕೆ, ಕರೆದದ್ದು ಎಷ್ಟಕ್ಕೆ, ರಿಪೇರಿಯಾದ ಮೇಲೆ ಮೊದಲ ಬೋರ್ಡ್ ಪಾಸ್ ಆದದ್ದು ಎಷ್ಟಕ್ಕೆ. ಜೊತೆಗೆ ಒಂದು ಸಾಲು, ಏನು ಕಾಣಿಸಿತು ಅಂತ. ಏನು ಕೆಟ್ಟಿತು ಅಂತ ಬರೆಯುವುದು ನನ್ನ ಕೆಲಸ.

ಮೊದಲ ಎರಡು ವಾರ ನೋಟ್‌ಬುಕ್‌ಗಳು ಖಾಲಿ. ಒಬ್ಬ ಆಪರೇಟರ್ ಹತ್ತಿರ ಹೋಗಿ, "ಯಾಕಮ್ಮಾ, ನಿನ್ನೆ ಯಂತ್ರ ನಿಂತಿತ್ತಲ್ಲ, ಬರೆದಿಲ್ಲ?" ಅಂತ ಕೇಳಿದೆ. "ಬರೆದರೆ ನೀವೇನು ಮಾಡಿದ್ರಿ ಅಂತ ನಮ್ಮನ್ನೇ ಕೇಳ್ತಾರಲ್ಲ ಸರ್" ಅಂದರು. ಸರಿಯಾದ ಮಾತು. ಅವತ್ತಿನಿಂದ ಹೆಸರು ಬರೆಯುವ ಕಾಲಂ ತೆಗೆದುಬಿಟ್ಟೆ. ಪುಟಗಳು ತುಂಬಲು ಶುರುವಾದವು.

ಒಂದು ಟೆಸ್ಟರ್‌ನ ಒಂದು ತಿಂಗಳ ಲೆಕ್ಕ ಹೀಗಿತ್ತು. ಎರಡು ಶಿಫ್ಟ್, 26 ದಿನ, ಒಟ್ಟು 416 ಗಂಟೆ. ಓಡಿದ್ದು 330, ಬೋರ್ಡ್ ಇಲ್ಲದೆ ಕಾದದ್ದು 60, ಸ್ವಚ್ಛತೆಗೂ ಕ್ಯಾಲಿಬ್ರೇಷನ್‌ಗೂ (ಅಳತೆ ಸರಿ ಇದೆಯಾ ಅಂತ ನೋಡುವುದಕ್ಕೆ) ನಿಲ್ಲಿಸಿದ್ದು 6, ಕೆಟ್ಟು ನಿಂತದ್ದು 20. ಕೆಟ್ಟದ್ದು 10 ಸಲ. 330ನ್ನು 10ರಿಂದ ಭಾಗಿಸಿದರೆ 33. ಅಂದರೆ ಒಂದು ಸಲ ಕೆಟ್ಟ ಮೇಲೆ ಮತ್ತೆ ಕೆಡುವವರೆಗೆ ಸರಾಸರಿ 33 ಗಂಟೆ ಓಡಿದೆ. ಇದೇ ಎಂಟಿಬಿಎಫ್. ಕೆಟ್ಟಾಗ ಮತ್ತೆ ಓಡಲು ಸರಾಸರಿ 2 ಗಂಟೆ ಹಿಡಿದಿದೆ, ಅದು ಎಂಟಿಟಿಆರ್. ಎರಡೂ ಸೇರಿ 35. 33ನ್ನು 35ರಿಂದ ಭಾಗಿಸಿದರೆ ಲಭ್ಯತೆ, ಅಂದರೆ ಯಂತ್ರ ಕೆಲಸಕ್ಕೆ ಸಿಕ್ಕ ಪಾಲು, ಶೇ 94ರ ಹತ್ತಿರ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಕಾದ 60 ಗಂಟೆಯಲ್ಲೂ ಯಂತ್ರ ಚೆನ್ನಾಗಿಯೇ ಇತ್ತಲ್ಲ, ಅದನ್ನೂ ಸೇರಿಸಿದರೆ 33 ಹೋಗಿ 39 ಆಗುತ್ತದೆ. ನಾನೂ ಒಂದು ತಿಂಗಳು ಸೇರಿಸಿದ್ದೆ. ಆದರೆ ಸುಮ್ನೆ ಕೂತ ಯಂತ್ರದ ಪಿನ್ ಸವೆಯುವುದಿಲ್ಲ, ರಿಲೇ ಬಡಿಯುವುದಿಲ್ಲ. ಆರ್ಡರ್ ಕಡಿಮೆಯಾದ ತಿಂಗಳೆಲ್ಲ ಯಂತ್ರ ಗಟ್ಟಿಯಾದ ಹಾಗೆ ಕಾಣುತ್ತದೆ. ಓಡಿದ ಹೊತ್ತನ್ನೇ ಹಿಡಿಯಿರಿ. ಫಿಕ್ಸ್ಚರ್‌ಗಂತೂ ಗಂಟೆಗಿಂತ ಎಷ್ಟು ಬೋರ್ಡ್ ಒತ್ತಿತು ಅನ್ನುವುದೇ ಸರಿಯಾದ ಅಳತೆ.

ಒಂದೂ ಸಲ ಕೆಡದ ಯಂತ್ರಕ್ಕೆ ಏನು ಬರೆಯುವುದು? ಹೊಸ ಟೆಸ್ಟರ್ ಬಂದು 300 ಗಂಟೆ ಓಡಿತ್ತು, ಕೆಟ್ಟಿದ್ದು ಸೊನ್ನೆ. ಸೊನ್ನೆಯಿಂದ ಭಾಗಿಸಲು ಹೋದರೆ ಎಕ್ಸೆಲ್ ಬೈಯುತ್ತದೆ. ಇದಕ್ಕೆ ಒಂದು ಸುಲಭ ದಾರಿ ಇದೆ. ಓಡಿದ ಗಂಟೆಯನ್ನು 3ರಿಂದ ಭಾಗಿಸಿ. ಕೆಡುವ ಸಂಭವ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ ಅಂದುಕೊಂಡರೆ, ಎಂಟಿಬಿಎಫ್ ಕನಿಷ್ಠ 100 ಗಂಟೆ ಅಂತ ಶೇ 95ರ ಭರವಸೆಯಿಂದ ಹೇಳಬಹುದು. "ಇದು ಕೆಡೋದೇ ಇಲ್ಲ" ಅಂತ ಬೀಗುವುದಕ್ಕಿಂತ ಇದು ವಾಸಿ.

ಮೂರು ತಿಂಗಳು ಬರೆದ ಮೇಲೆ ಕಾರಣಗಳನ್ನು ರಾಶಿ ಹಾಕಿ ನೋಡಿದೆ. ಲಕ್ಷಗಟ್ಟಲೆ ಬೆಲೆಯ ಉಪಕರಣಗಳು ಕೆಟ್ಟಿದ್ದು ತೀರಾ ಕಡಿಮೆ. ಅರ್ಧಕ್ಕಿಂತ ಜಾಸ್ತಿ ಕಾಟ ಕೊಟ್ಟದ್ದು ಫಿಕ್ಸ್ಚರ್‌ನ ಪಿನ್‌ಗಳು. ಆಮೇಲೆ ಕೇಬಲ್, ಕನೆಕ್ಟರ್, ಆಮೇಲೆ ಪಿಸಿ. ಇವು ಒಳಗೆ ಸ್ಪ್ರಿಂಗ್ ಇರುವ ಪೋಗೋ ಪಿನ್‌ಗಳು. ಒಂದರ ಬೆಲೆ ನೋಡಿದರೆ ಅದು ಇಷ್ಟು ದೊಡ್ಡ ಟೆಸ್ಟರನ್ನು ಕಟ್ಟಿ ಹಾಕುತ್ತದೆ ಅಂತ ನಂಬಿಕೆ ಬರುವುದಿಲ್ಲ. ಬೆಸುಗೆಗೆ ಬಳಸಿ ಬೋರ್ಡ್ ಮೇಲೆ ಉಳಿದ ಫ್ಲಕ್ಸ್ ಪಿನ್‌ನ ಮೊನೆಗೆ ಅಂಟುತ್ತದೆ. ಅದರ ಮೇಲೆ ಧೂಳು. ಸಂಪರ್ಕದ ರೆಸಿಸ್ಟೆನ್ಸ್ ಮೆಲ್ಲಗೆ ಏರುತ್ತದೆ. ಕ್ಯಾಟಲಾಗ್‌ನಲ್ಲಿ ಪಿನ್ ಲಕ್ಷಾಂತರ ಸಲ ಒತ್ತಿದರೂ ಬಾಳುತ್ತದೆ ಅಂತ ಬರೆದಿರುತ್ತದೆ. ಅದು ಚೊಕ್ಕಟ ಲ್ಯಾಬ್‌ನ ಮಾತು, ನಮ್ಮ ಶಾಪ್‌ಫ್ಲೋರ್‌ನದ್ದಲ್ಲ.

ಪಿನ್ ಕೆಡುವುದು ಮೊದಲೇ ಗೊತ್ತಾಗುತ್ತದೆ, ನಾವು ನೋಡುತ್ತಿರಲಿಲ್ಲ ಅಷ್ಟೇ. ಬೋರ್ಡ್ ಫೇಲ್ ಆದರೆ ಆಪರೇಟರ್‌ಗಳು ಹಿಡಿಕೆ ಎತ್ತಿ ಮತ್ತೆ ಒತ್ತುತ್ತಾರೆ. ಎರಡನೇ ಸಲ ಪಾಸ್. ನಮ್ಮ ಸಾಫ್ಟ್‌ವೇರ್ ಕೊನೆಯ ಫಲಿತಾಂಶವನ್ನು ಮಾತ್ರ ಉಳಿಸಿಕೊಂಡು ಮೊದಲಿನದರ ಮೇಲೆ ಬರೆಯುತ್ತಿತ್ತು. ಒಂದು ಶಿಫ್ಟ್ ಪಕ್ಕದಲ್ಲಿ ನಿಂತು ಎಣಿಸಿದೆ. ಒಂದೇ ಟೆಸ್ಟರ್‌ನಲ್ಲಿ 25 ಸಲ ಮರು ಒತ್ತಿದ್ದರು. ಒಂದಕ್ಕೆ ಒಂದೂವರೆ ನಿಮಿಷ, ಶಿಫ್ಟ್‌ಗೆ 37.5 ನಿಮಿಷ. ಹೀಗೇ 52 ಶಿಫ್ಟ್ ನಡೆದರೆ ತಿಂಗಳಿಗೆ 32.5 ಗಂಟೆ. ಅದೇ ಟೆಸ್ಟರ್ ಕೆಟ್ಟು ನಿಂತದ್ದು 20 ಗಂಟೆ ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು!

ಪ್ರೋಗ್ರಾಂ ಬದಲಿಸಿ, ಪ್ರತಿ ಒತ್ತಿಗೂ ಬೋರ್ಡ್‌ನ ಸೀರಿಯಲ್ ನಂಬರ್ ಜೊತೆ ಒಂದೊಂದು ಸಾಲು ಬೀಳುವಂತೆ ಮಾಡಿಸಿದೆ. ಆ ಫೈಲನ್ನು ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಓದುತ್ತದೆ. ಮೊದಲು ಫೇಲ್ ಆಗಿ ಆಮೇಲೆ ಪಾಸ್ ಆದ ಬೋರ್ಡ್‌ಗಳು ಯಾವುವು, ಟೆಸ್ಟ್‌ನ ಯಾವ ಸ್ಟೆಪ್‌ನಲ್ಲಿ ಫೇಲ್ ಆದವು ಅಂತ ಎಣಿಸುತ್ತದೆ. ಒಂದೇ ಸ್ಟೆಪ್ ದಿನಕ್ಕೆ ಐದು ಸಲಕ್ಕಿಂತ ಜಾಸ್ತಿ ಬಂದರೆ ಆ ಸ್ಟೆಪ್‌ನ ಪಿನ್ನನ್ನು ಶಿಫ್ಟ್ ಬದಲಾಗುವ ಹೊತ್ತಿಗೆ ಕಿತ್ತು ಹೊಸದು ಹಾಕುತ್ತೇವೆ. ಪಿನ್ ಕೂರುವ ಕೊಳವೆ ಹಾಗೇ ಇರುತ್ತದೆ, ವೈರ್ ಮುಟ್ಟಬೇಕಾಗಿಲ್ಲ. ಎರಡು ನಿಮಿಷದ ಕೆಲಸ. ಉಳಿದ ಪಿನ್‌ಗಳಿಗೆ ದಿನಕ್ಕೊಮ್ಮೆ ಬ್ರಷ್ ಮತ್ತು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್).

ಇದೇ ಫೈಲಿನಿಂದ ಇನ್ನೊಂದು ಗುಟ್ಟೂ ಬಯಲಾಯಿತು. ಸೋಮವಾರ ಬೆಳಿಗ್ಗೆ ಆರರಿಂದ ಆರೂವರೆವರೆಗೆ ವೋಲ್ಟೇಜ್ ಸ್ಟೆಪ್‌ಗಳಲ್ಲಿ ಫೇಲ್ ರಾಶಿ. ಭಾನುವಾರ ಎಲ್ಲ ಆಫ್ ಆಗಿ ತಣ್ಣಗಿರುತ್ತದೆ. ಆರಕ್ಕೆ ಸ್ವಿಚ್ ಹಾಕಿ ಆರೂ ಐದಕ್ಕೆ ಟೆಸ್ಟ್ ಶುರು. ಟೆಸ್ಟರ್‌ನ ಮಲ್ಟಿಮೀಟರ್ ನಿಖರವಾಗಿ ಅಳೆಯಬೇಕಾದರೆ ಮೊದಲು ಬಿಸಿಯಾಗಬೇಕು. ನಮ್ಮ ಮೀಟರ್‌ನ ಮ್ಯಾನ್ಯುಯಲ್ ಅರ್ಧ ಗಂಟೆ ಅನ್ನುತ್ತದೆ, ಕೆಲವದರದ್ದು ಒಂದು ಗಂಟೆ. ಈಗ ಸೆಕ್ಯುರಿಟಿ ಅಣ್ಣ ಐದೂಕಾಲಿಗೆ ಒಂದು ರೌಂಡ್ ಬಂದು ಸ್ವಿಚ್ ಹಾಕುತ್ತಾರೆ. ರಿಪೇರಿ ಖರ್ಚು ಒಂದು ಟೀ.

ಒಂದು ತಿಂಗಳು ಸ್ಕ್ರಿಪ್ಟ್ ಎಂಟಿಬಿಎಫ್ ಮೈನಸ್ ಅಂತ ತೋರಿಸಿತು. ತಲೆ ಕೆಟ್ಟು ಹೋಯಿತು. ಕೊನೆಗೆ ನೋಡಿದರೆ ಒಂದು ಹಳೇ ಪಿಸಿಯ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಅದರ ತಾರೀಖು 2002ಕ್ಕೆ ಜಿಗಿಯುತ್ತಿತ್ತು, ಆ ತಾರೀಖು ಹಿಡಿದು ಹೊತ್ತು ಕಳೆದರೆ ಮೈನಸ್ಸೇ. ಈಗ ಎಂಟೂ ಪಿಸಿಗಳ ಗಡಿಯಾರ ಒಂದೇ ಸರ್ವರ್ ನೋಡಿ ನಡೆಯುತ್ತದೆ. ಪ್ರತಿ ವರ್ಷ ಆಯುಧಪೂಜೆಗೆ ಯಂತ್ರಗಳನ್ನು ತೊಳೆದು ಒರೆಸುವಾಗ ಆ ಬ್ಯಾಟರಿಗಳನ್ನೂ ಬದಲಿಸುತ್ತೇವೆ. ಕುಂಕುಮ ಮಾತ್ರ ಫ್ಯಾನ್ ಫಿಲ್ಟರ್‌ನಿಂದ ದೂರ ಇರಲಿ ಅಂತ ಬೇಡಿಕೊಳ್ಳುತ್ತೇನೆ.

ಇಷ್ಟೆಲ್ಲ ಆಗಿ ಲಭ್ಯತೆ ಶೇ 97 ದಾಟಿತ್ತು. ನಾನೂ ಸ್ವಲ್ಪ ಹಿಗ್ಗಿದ್ದೆ. ಆಗ ನಾಲ್ಕನೇ ಟೆಸ್ಟರ್ ಪಾಠ ಕಲಿಸಿತು.

ನಮ್ಮ ಬೋರ್ಡ್‌ನಲ್ಲಿ ಗಡಿಯಾರದ ಚಿಪ್ ಇದೆ. ಮೇನ್ ಸಪ್ಲೈ ಹೋದರೂ ಬ್ಯಾಟರಿಯಿಂದ ಅದು ನಡೆಯಬೇಕು. ಟೆಸ್ಟರ್ ಒಂದು ರಿಲೇ ಬಿಡಿಸಿ ಸಪ್ಲೈ ಕಡಿಯುತ್ತದೆ, ಗಡಿಯಾರ ನಡೆಯುತ್ತಿದೆಯಾ ನೋಡುತ್ತದೆ. ಒಂದು ದಿನ ಆ ರಿಲೇಯ ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡವು. ಬಿಡಿಸು ಅಂದರೂ ಬಿಡುವುದಿಲ್ಲ. ಸಪ್ಲೈ ಹೋಗಲೇ ಇಲ್ಲ, ಗಡಿಯಾರ ನಡೆಯುತ್ತಲೇ ಇತ್ತು. ಬ್ಯಾಟರಿಯ ಬೆಸುಗೆ ಬಿಟ್ಟ ಬೋರ್ಡ್ ಕೂಡ ಪಾಸ್. ಒಂದು ನಿಮಿಷವೂ ಯಂತ್ರ ನಿಲ್ಲಲಿಲ್ಲ. ನೋಟ್‌ಬುಕ್‌ನಲ್ಲಿ ಒಂದು ಗೆರೆ ಇಲ್ಲ. ಆವತ್ತಿನ ಲಭ್ಯತೆ ಶೇ 100.

ಸಿಕ್ಕಿಬಿದ್ದದ್ದು ಕೆಂಪು ಬೋರ್ಡ್‌ನಿಂದ. ಬೇಕಂತಲೇ ಕೆಲವು ದೋಷ ಮಾಡಿ, ಕೆಂಪು ಟೇಪ್ ಸುತ್ತಿ ಇಟ್ಟ ಬೋರ್ಡ್ ಅದು. ದಿನಾ ಬೆಳಿಗ್ಗೆ ಮೊದಲು ಅದನ್ನು ಇಡುತ್ತೇವೆ, ಅದು ಫೇಲ್ ಆಗಲೇಬೇಕು. ಮರುದಿನ ಬೆಳಿಗ್ಗೆ ಅದರ ಬ್ಯಾಟರಿ ಸ್ಟೆಪ್ ಪಾಸ್ ಆಯಿತು. ಹಿಂದಿನ ದಿನ ಬೆಳಿಗ್ಗೆ ಅದು ಸರಿಯಾಗಿ ಫೇಲ್ ಆಗಿತ್ತು. ನಡುವೆ 600ರ ಹತ್ತಿರ ಬೋರ್ಡ್ ದಾಟಿ ಹೋಗಿದ್ದವು. ಅರ್ಧ ಪ್ಯಾಕ್ ಆಗಿದ್ದವು. ಎಲ್ಲ ಬಿಚ್ಚಿಸಿ ಮತ್ತೆ ಟೆಸ್ಟ್ ಮಾಡಿದೆವು. ನಾಲ್ಕು ಕೆಟ್ಟವು ಸಿಕ್ಕವು. ಅವು ಹೊರಗೆ ಹೋಗಿದ್ದರೆ ಏನು ಅಂತ ಇವತ್ತಿಗೂ ಯೋಚಿಸುತ್ತೇನೆ.

ರಿಲೇ ಬೆಸೆಯಲು ಕಾರಣ ನಮ್ಮ ಪ್ರೋಗ್ರಾಮೇ. ಸಪ್ಲೈ ಆನ್ ಇರುವಾಗಲೇ ರಿಲೇ ಮುಚ್ಚಿ ಸಂಪರ್ಕ ಕೊಡುತ್ತಿದ್ದೆವು. ಬೋರ್ಡ್‌ನ ದೊಡ್ಡ ಕೆಪಾಸಿಟರ್‌ಗಳು ಖಾಲಿ ಇರುತ್ತವೆ, ಒಂದೇ ಸಲಕ್ಕೆ ಕರೆಂಟ್ ನುಗ್ಗುತ್ತದೆ, ಕಾಂಟ್ಯಾಕ್ಟ್ ಮೇಲೆ ಕಿಡಿ. ಈಗ ಮೊದಲು ಸಪ್ಲೈ ಔಟ್‌ಪುಟ್ ಆಫ್, ಆಮೇಲೆ ರಿಲೇ ಮುಚ್ಚುವುದು, ಆಮೇಲೆ ಔಟ್‌ಪುಟ್ ಆನ್. ರಿಲೇ ಬಿಡಿಸಿದ ಮೇಲೆ ಅಲ್ಲಿ ವೋಲ್ಟೇಜ್ ನಿಜಕ್ಕೂ ಇಳಿಯಿತಾ ಅಂತ ಮೀಟರ್ ಅಳೆದು ನೋಡುತ್ತದೆ. ಕೆಂಪು ಬೋರ್ಡ್ ಈಗ ಶಿಫ್ಟ್‌ಗೆ ಎರಡು ಸಲ.

ಅದಾದ ಮೇಲೆ ಲೆಕ್ಕದ ನಿಯಮವನ್ನೂ ಬದಲಿಸಿದೆ. ಕೆಂಪು ಬೋರ್ಡ್ ತಪ್ಪಿ ಪಾಸ್ ಆದರೆ, ಅದು ಕೊನೆಯ ಸಲ ಸರಿಯಾಗಿ ಫೇಲ್ ಆದ ಹೊತ್ತಿನಿಂದಲೇ ಯಂತ್ರ ಕೆಟ್ಟಿತ್ತು ಅಂತ ಬರೆಯುತ್ತೇವೆ. ಕ್ಯಾಲಿಬ್ರೇಷನ್‌ಗೆ ಹೋದ ಮೀಟರ್ ಮಿತಿ ಮೀರಿದೆ ಅಂತ ರಿಪೋರ್ಟ್ ಬಂದರೂ ಇದೇ ನಿಯಮ. ಆ ತಿಂಗಳು ನಾಲ್ಕನೇ ಟೆಸ್ಟರ್‌ಗೆ 16 ಗಂಟೆ ಸೇರಿತು, ನನ್ನ ಚೆಂದದ ಗ್ರಾಫ್ ಕುಸಿಯಿತು. "ಓಡ್ತಾ ಇದ್ದ ಯಂತ್ರವನ್ನ ಕೆಟ್ಟಿತ್ತು ಅಂತ ಯಾಕೆ ಬರೀತೀರಿ?" ಅಂತ ಪ್ರೊಡಕ್ಷನ್ ಸೂಪರ್‌ವೈಸರ್ ಕೇಳಿದರು. ಮೊದಲಾದರೆ ಗಂಟೆ ಜಾಸ್ತಿ ಹೇಳುತ್ತಿದ್ದವರು ಅವರು, ಕಡಿಮೆ ಹೇಳುತ್ತಿದ್ದವನು ನಾನು. ಬಿಚ್ಚಿದ ಪೆಟ್ಟಿಗೆಗಳು ಇನ್ನೂ ಅಲ್ಲೇ ಗೋಡೆ ಪಕ್ಕ ಇದ್ದವು, ತೋರಿಸಿದೆ. ಅವರು ಪೆನ್ ತೆಗೆದು ಹೊಸ ನಿಯಮದ ಕೆಳಗೂ ಸಹಿ ಹಾಕಿದರು.