ಐರಿಶ್ ಸಂಗೀತಕ್ಕೆ ಟೆನರ್ ಬ್ಯಾಂಜೊ ಆರಿಸುವ ಬಗೆ

ಐರ್ಲೆಂಡಿನ ಸಾಂಪ್ರದಾಯಿಕ ನೃತ್ಯಸಂಗೀತದಲ್ಲಿ ಬಳಕೆಯಲ್ಲಿರುವುದು ನಾಲ್ಕು ತಂತಿಗಳ, ಪಿಕ್‌ನಿಂದ ಮೀಟಿ ನುಡಿಸುವ ಟೆನರ್ ಬ್ಯಾಂಜೊ. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ಐದು ತಂತಿಯ ವಾದ್ಯ ಅಮೆರಿಕದ ಬ್ಲೂಗ್ರಾಸ್ ಸಂಗೀತಕ್ಕೆ ಸೇರಿದ್ದು. ಜಿಗ್ ಮತ್ತು ರೀಲ್ ಎಂಬ ಐರಿಶ್ ನೃತ್ಯರಾಗಗಳನ್ನು ಕಲಿಯಲು ಹೊರಟವರಿಗೆ ಅದರಿಂದ ಉಪಯೋಗ ಕಡಿಮೆ. ನಾಲ್ಕು ತಂತಿಗಳಿದ್ದ ಮಾತ್ರಕ್ಕೂ ಸಮಾಧಾನಪಡಬಾರದು, ಏಕೆಂದರೆ 22 ಫ್ರೆಟ್‌ಗಳ (ದಂಡಿಯ ಮೇಲಿನ ಲೋಹದ ಅಡ್ಡಪಟ್ಟಿಗಳ), ಉದ್ದ ದಂಡಿಯ ಪ್ಲೆಕ್ಟ್ರಮ್ ಬ್ಯಾಂಜೊಗೂ ನಾಲ್ಕೇ ತಂತಿಗಳು. ಭಾರತದಲ್ಲಿ ಕೊಳ್ಳುವವರು ಇನ್ನೊಂದು ವಿಷಯವನ್ನು ಗಮನಿಸಬೇಕು: ಇಲ್ಲಿ ಬ್ಯಾಂಜೊ ಎಂದು ಮಾರುವುದು ಬಹಳ ಸಲ ಕೀಲಿಗಳನ್ನು ಒತ್ತಿ ನುಡಿಸುವ ಬುಲ್‌ಬುಲ್ ತರಂಗ್ ಆಗಿರುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನೃತ್ಯವೃಂದಗಳಿಗಾಗಿ ರೂಪುಗೊಂಡ ಟೆನರ್ ಬ್ಯಾಂಜೊವನ್ನು ಮಂದ್ರದಿಂದ ತಾರಕ್ಕೆ ಸಿ, ಜಿ, ಡಿ, ಎ ಎಂದು ಶ್ರುತಿ ಮಾಡುತ್ತಿದ್ದರು. ಐರಿಶ್ ವಾದಕರಲ್ಲಿ ಇಂದು ಪ್ರಚಲಿತವಾಗಿರುವುದು ಜಿ, ಡಿ, ಎ, ಇ ಶ್ರುತಿ. 1960ರ ದಶಕದಲ್ಲಿ ಅದನ್ನು ಜನಪ್ರಿಯಗೊಳಿಸಿದ ಕೀರ್ತಿ ಡಬ್ಲಿನರ್ಸ್ ತಂಡದ ಬಾರ್ನಿ ಮೆಕೆನ್ನಾ ಅವರಿಗೆ ಸಲ್ಲುತ್ತದೆ. ಇದು ಪಾಶ್ಚಾತ್ಯ ಪಿಟೀಲಿನ ಶ್ರುತಿಯೇ, ಆದರೆ ಒಂದು ಸ್ಥಾಯಿ ಕೆಳಗೆ. ಹೀಗಾಗಿ ಪಿಟೀಲಿಗೆ ಹೊಂದುವ ರಾಗಗಳೆಲ್ಲ ಬ್ಯಾಂಜೊದಲ್ಲೂ ಅದೇ ಬೆರಳುನೆಲೆಗಳಲ್ಲಿ ಸಿಗುತ್ತವೆ. ಈ ಅನುಕೂಲಕ್ಕೆ ಒಂದು ಬೆಲೆಯೂ ಇದೆ. ಸುಮಾರು 131 ಹರ್ಟ್ಸ್‌ನ ಸಿ ಸ್ವರಕ್ಕಾಗಿ ರೂಪಿಸಿದ ವಾದ್ಯದಲ್ಲಿ ಈಗ 98 ಹರ್ಟ್ಸ್‌ನ ಜಿ ಸ್ವರವನ್ನು ಹೊರಡಿಸಬೇಕಾಗಿದೆ, ಮತ್ತು ಕೊಳ್ಳುವವರು ಪರೀಕ್ಷಿಸಬೇಕಾದ ಹೆಚ್ಚಿನ ಸಂಗತಿಗಳು ಆ ಒಂದು ಮಂದ್ರ ತಂತಿಗೇ ಸಂಬಂಧಿಸಿವೆ.

ಮೊದಲ ತೀರ್ಮಾನ ದಂಡಿಯ ಉದ್ದದ ಬಗ್ಗೆ. ಟೆನರ್ ಬ್ಯಾಂಜೊಗಳು ಮುಖ್ಯವಾಗಿ ಎರಡು ಅಳತೆಗಳಲ್ಲಿ ದೊರೆಯುತ್ತವೆ: 17 ಫ್ರೆಟ್‌ಗಳಿದ್ದು ತಂತಿಯ ನುಡಿಯುವ ಉದ್ದ ಸುಮಾರು 21 ಅಂಗುಲ ಇರುವವು, ಮತ್ತು 19 ಫ್ರೆಟ್‌ಗಳಿದ್ದು ಆ ಉದ್ದ 22ರಿಂದ 23 ಅಂಗುಲ ಇರುವವು. ಐರಿಶ್ ರಾಗಗಳ ಬಹುಪಾಲು ಬಿಡಿ ಜಿ ತಂತಿಯಿಂದ ಹಿಡಿದು ಇ ತಂತಿಯ ಏಳನೆಯ ಫ್ರೆಟ್‌ನ ಬಿ ಸ್ವರದೊಳಗೆ ಮುಗಿಯುವುದರಿಂದ, ತೋರುಬೆರಳು ಎರಡನೆಯ ಫ್ರೆಟ್‌ನಲ್ಲಿರುವಾಗಲೇ ಕಿರುಬೆರಳು ಏಳನೆಯದನ್ನು ಮುಟ್ಟಬಲ್ಲುದೇ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ. 21 ಅಂಗುಲದ ವಾದ್ಯದಲ್ಲಿ ಈ ಎರಡು ಫ್ರೆಟ್‌ಗಳ ನಡುವಿನ ಅಂತರ ಸುಮಾರು 12 ಸೆಂಟಿಮೀಟರ್. 23 ಅಂಗುಲದ್ದರಲ್ಲಿ ಸುಮಾರು 13. ಕಾಗದದ ಮೇಲೆ ಒಂದು ಸೆಂಟಿಮೀಟರ್ ಅಲ್ಪವೆನಿಸಿದರೂ, ರೀಲ್‌ನ ವೇಗದಲ್ಲಿ ಚಿಕ್ಕ ಅಂಗೈಯವರಿಗೆ ಅದು ಸ್ವರ ಸಿಗುವುದಕ್ಕೂ ತಪ್ಪುವುದಕ್ಕೂ ಇರುವ ವ್ಯತ್ಯಾಸವಾಗುತ್ತದೆ. ಇನ್ನೊಂದೆಡೆ, ಅದೇ ತಂತಿಯನ್ನು ಅದೇ ಶ್ರುತಿಗೆ ತಂದಾಗ ಗಿಡ್ಡ ವಾದ್ಯದಲ್ಲಿ ಅದರ ಬಿಗಿತ ಸುಮಾರು ನೂರಕ್ಕೆ 17ರಷ್ಟು ಕಡಿಮೆಯಾಗಿರುತ್ತದೆ, ಮತ್ತು ಸಡಿಲವಾದ ಜಿ ತಂತಿಯು ಮೀಟಿದೊಡನೆ ಶ್ರುತಿಯಿಂದ ಕ್ಷಣಕಾಲ ಏರಿ ಬಳಿಕ ಇಳಿಯುತ್ತದೆ. ಕೈ ಒಪ್ಪುವುದಾದರೆ 19 ಫ್ರೆಟ್‌ನದನ್ನೇ ಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಮ್ಯಾಂಡೊಲಿನ್ ಅಥವಾ ಐರಿಶ್ ಫಿಡ್ಲ್‌ನಿಂದ ಬಂದವರಿಗೆ, ಹಾಗೆಯೇ ಕಿರುಬೆರಳು ಗಿಡ್ಡವಿರುವವರಿಗೆ, 17 ಫ್ರೆಟ್‌ನದು ಹೆಚ್ಚು ಒಗ್ಗುತ್ತದೆ. ಕರ್ನಾಟಕ ಸಂಗೀತದ ಪಿಟೀಲು ಕಲಿತವರಿಗೆ ಮಾತ್ರ ಈ ಲೆಕ್ಕ ನೇರವಾಗಿ ಅನ್ವಯಿಸುವುದಿಲ್ಲ. ಅವರ ತಂತಿಗಳು ಷಡ್ಜ–ಪಂಚಮಗಳ ಜೋಡಿಗೆ ಶ್ರುತಿಗೊಂಡಿರುವುದರಿಂದ ಬೆರಳುಗಳ ದಾರಿಯನ್ನು ಹೊಸದಾಗಿಯೇ ಕಲಿಯಬೇಕಾಗುತ್ತದೆ.

ತಂತಿಗಳ ದಪ್ಪವನ್ನು ವಾದ್ಯದ ಜೊತೆಗೇ ಯೋಚಿಸಬೇಕು. ಐರಿಶ್ ಶ್ರುತಿಗೆ ಇ ತಂತಿ 0.012 ಅಥವಾ 0.013 ಅಂಗುಲ, ಜಿ ತಂತಿ 0.040 ಅಂಗುಲದ ಆಸುಪಾಸಿನಲ್ಲಿರುವುದು ವಾಡಿಕೆ. ಗಿಡ್ಡ ವಾದ್ಯಕ್ಕೆ ಇದಕ್ಕಿಂತ ತುಸು ದಪ್ಪನೆಯದನ್ನೂ ಹಾಕುವುದುಂಟು. ಕಾರ್ಖಾನೆಯಿಂದ ಸಿ, ಜಿ, ಡಿ, ಎ ತಂತಿಗಳೊಡನೆ ಬಂದ ಬ್ಯಾಂಜೊದಲ್ಲಿ ದಂಡಿಯ ತುದಿಯ ನಟ್‌ನಲ್ಲಿರುವ ಕಚ್ಚುಗಳು ಕಿರಿದಾಗಿರುತ್ತವೆ. ದಪ್ಪ ತಂತಿ ಅವುಗಳೊಳಗೆ ಕೂರದೆ ಮೇಲೆಯೇ ನಿಂತರೆ ಮೊದಲ ಫ್ರೆಟ್‌ಗಳಲ್ಲಿ ಒತ್ತುವುದು ಕಷ್ಟವಾಗುತ್ತದೆ, ಸ್ವರವೂ ಏರುತ್ತದೆ. ಕಚ್ಚುಗಳನ್ನು ಅರದಿಂದ ಅಗಲಿಸುವುದು ದೊಡ್ಡ ಕೆಲಸವಲ್ಲ, ಆದರೆ ಅದು ಆಗಿದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿಕೊಳ್ಳುವುದು ಒಳಿತು.

ಮುಂದಿನದು ವಾದ್ಯದ ದುಂಡನೆಯ ಒಡಲು. ಸಾಮಾನ್ಯವಾಗಿ 11 ಅಂಗುಲ ವ್ಯಾಸದ ಮೇಪಲ್ ಮರದ ಬಳೆಯ ಮೇಲೆ ಮುಚ್ಚಿಗೆಯನ್ನು ಬಿಗಿದಿರುತ್ತಾರೆ, ಮತ್ತು ಬೆಲೆ ಹೆಚ್ಚಿನ ವಾದ್ಯಗಳಲ್ಲಿ ಬಳೆಗೂ ಮುಚ್ಚಿಗೆಗೂ ನಡುವೆ ಟೋನ್ ರಿಂಗ್ ಎಂಬ ಲೋಹದ ಉಂಗುರವಿರುತ್ತದೆ. ಈ ಉಂಗುರ ದನಿಗೆ ಹೊಳಪನ್ನೂ ದೀರ್ಘತೆಯನ್ನೂ ಕೊಡುತ್ತದೆ, ತೂಕವನ್ನೂ ಧಾರಾಳವಾಗಿ ಕೊಡುತ್ತದೆ. ಆದರೆ ಐರಿಶ್ ಬ್ಯಾಂಜೊದ ಸೊಗಸು ಇರುವುದು ಮೂರು ಸ್ವರಗಳನ್ನು ಸರಸರನೆ ಮೀಟುವ ತ್ರಿವಳಿಗಳ ಚುರುಕಿನಲ್ಲಿ. ಒಂದು ಸ್ವರದ ಮೊಳಗು ಮುಂದಿನ ಸ್ವರದ ಮೇಲೆ ಚಾಚಿಕೊಂಡರೆ ಆ ತ್ರಿವಳಿಗಳು ಕಲಸಿಹೋಗುತ್ತವೆ. ಆದ್ದರಿಂದಲೇ ಅನೇಕರು ಮುಚ್ಚಿಗೆಯ ಹಿಂಬದಿಗೆ ಬಟ್ಟೆಯನ್ನೋ ಸ್ಪಂಜನ್ನೋ ತುರುಕಿ ದನಿಯನ್ನು ತಗ್ಗಿಸುತ್ತಾರೆ. ಹಣ ಕೊಟ್ಟು ಉಂಗುರ ಹಾಕಿಸಿ, ಬಟ್ಟೆ ತುರುಕಿ ಅದರ ಬಾಯಿ ಮುಚ್ಚಿಸುವುದು ನನಗೆ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ.

ಹಿಂಬದಿಯಲ್ಲಿ ರೆಸೊನೇಟರ್ ಎಂಬ ಮರದ ಬಟ್ಟಲಿದ್ದರೆ ದನಿ ಕೇಳುಗರತ್ತ ಜೋರಾಗಿ ಹೊರಳುತ್ತದೆ. ಗದ್ದಲದ ಪಬ್‌ಗಳಲ್ಲಿ ವಾದಕರು ಒಟ್ಟುಗೂಡಿ ನುಡಿಸುವ ಸೆಷನ್‌ಗಳಿಗೆ ಇದು ಉಪಯುಕ್ತ. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ, ಅದರಲ್ಲೂ ಡಬ್ಲಿನ್‌ನ ಅಪಾರ್ಟ್‌ಮೆಂಟುಗಳಲ್ಲಿ ಗೋಡೆ ಹಂಚಿಕೊಂಡು ಬಾಳುವ ಕನ್ನಡಿಗರಿಗೆ, ಹಿಂಬದಿ ತೆರೆದ ಹಗುರ ವಾದ್ಯವೇ ಲೇಸು. ಮುಚ್ಚಿಗೆ ಪ್ಲಾಸ್ಟಿಕ್‌ನದಾಗಿರಲಿ. ಕರುವಿನ ಚರ್ಮದ ದನಿ ಮೃದುವೆಂಬುದು ನಿಜವಾದರೂ ತೇವಕ್ಕೆ ಅದು ಸಡಿಲಗೊಳ್ಳುತ್ತದೆ. ಗಾಲ್ವೇಯ ಮಳೆಗಾಗಲಿ ಮಂಗಳೂರಿನ ಆಷಾಢಕ್ಕಾಗಲಿ ಅದು ತಕ್ಕುದಲ್ಲ.

ಹೊಸ ವಾದ್ಯಗಳಲ್ಲಿ ಅಮೆರಿಕದ ಡೀರಿಂಗ್ ಸಂಸ್ಥೆಯ ಗುಡ್‌ಟೈಮ್ ಸರಣಿ 17 ಮತ್ತು 19 ಫ್ರೆಟ್ ಎರಡರಲ್ಲೂ ಸಿಗುತ್ತದೆ. ಟೋನ್ ರಿಂಗ್ ಇಲ್ಲದ ಅದರ ಸರಳ ಮಾದರಿ ಕಲಿಯುವವರಿಗೆ ಸಾಕು. ಗೋಲ್ಡ್ ಟೋನ್ ಸಂಸ್ಥೆ ಐರಿಶ್ ಟೆನರ್ ಎಂಬ ಹೆಸರಿನಲ್ಲೇ ವಾದ್ಯಗಳನ್ನು ಮಾರುತ್ತದೆ. ಐರ್ಲೆಂಡಿನಲ್ಲೇ ತಯಾರಾದದ್ದು ಬೇಕೆನ್ನುವವರು ಗಾಲ್ವೇ ಕೌಂಟಿಯ ಕ್ಲಾರಿನ್‌ಬ್ರಿಜ್‌ನಲ್ಲಿ ಟಾಮ್ ಕಸೆನ್ ತಯಾರಿಸುತ್ತ ಬಂದಿರುವ ಕ್ಲಾರೀನ್ ಬ್ಯಾಂಜೊಗಳನ್ನು ಹುಡುಕುತ್ತಾರೆ.

1920ರ ದಶಕದ ವೇಗಾ, ಪ್ಯಾರಮೌಂಟ್, ಬೇಕನ್ ಆ್ಯಂಡ್ ಡೇ ವಾದ್ಯಗಳು ಇಂದಿಗೂ ಕೈಬದಲಾಗುತ್ತಿರುತ್ತವೆ, ಮತ್ತು ದನಿಯಲ್ಲಿ ಅವುಗಳಿಗೆ ಸರಿಗಟ್ಟುವ ಹೊಸ ವಾದ್ಯಗಳು ಹೆಚ್ಚಿಲ್ಲ. ಆದರೆ ಅವುಗಳಲ್ಲಿ ಹಲವಕ್ಕೆ ದಂಡಿಯ ಬಾಗನ್ನು ಸರಿಪಡಿಸುವ ಟ್ರಸ್ ರಾಡ್ ಇರುವುದಿಲ್ಲ. ದಂಡಿಯ ತುದಿಯಿಂದ ಕಣ್ಣು ಹಾಯಿಸಿ ಅದು ನೇರವಾಗಿದೆಯೇ, ದಂಡಿ ಒಡಲನ್ನು ಸೇರುವಲ್ಲಿ ಸಂದು ಬಿಟ್ಟಿದೆಯೇ, ಫ್ರೆಟ್‌ಗಳು ಸವೆದಿವೆಯೇ ಎಂದು ನೋಡಬೇಕು. ಕೆಲವು ಅಗ್ಗದ ಹಳೆಯ ವಾದ್ಯಗಳ ಬಿರಡೆಗಳು ಗೇರ್ ಇಲ್ಲದೆ ಬರೀ ಬಿಗಿತದ ಮೇಲೆ ನಿಲ್ಲುತ್ತವೆ. ಅವನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಸೇರಿಸಿಕೊಂಡೇ ಚೌಕಾಸಿ ಮಾಡಬೇಕು.

ಯಾವ ವಾದ್ಯವಾದರೂ ಕೊನೆಯ ಪರೀಕ್ಷೆ ಜಿ, ಡಿ, ಎ, ಇ ಶ್ರುತಿಯಲ್ಲೇ ಆಗಬೇಕು. ಮುಚ್ಚಿಗೆಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನು ಬ್ಯಾಂಜೊದಲ್ಲಿ ಅಂಟಿಸಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದಿರುತ್ತದೆ. ಆದ್ದರಿಂದ ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರವು ಅಲ್ಲಿಯೇ ಬೆರಳು ಸೋಕಿಸಿ ಹೊರಡಿಸಿದ ಸ್ವರಕ್ಕಿಂತ ಏರಿದ್ದರೆ ಕುದುರೆಯನ್ನು ದಂಡಿಯಿಂದ ದೂರಕ್ಕೂ, ಇಳಿದಿದ್ದರೆ ಹತ್ತಿರಕ್ಕೂ ಸರಿಸಬೇಕು. ಇ ತಂತಿ ಸರಿಹೋದ ಮೇಲೂ ಜಿ ತಂತಿ ಏರಿಯೇ ಇದ್ದರೆ, ಪ್ರತಿ ತಂತಿಗೂ ಬೇರೆ ಬೇರೆ ನೆಲೆ ಕೊಟ್ಟು ಕೆತ್ತಿದ ಕುದುರೆಯೊಂದನ್ನು ತರಿಸಿದರೆ ಆಯಿತು. ಅಷ್ಟಕ್ಕಾಗಿ ಒಳ್ಳೆಯ ವಾದ್ಯವನ್ನು ಕೈಬಿಡಬೇಕಾಗಿಲ್ಲ.