ಮ್ಯೂನಿಕ್‌ಗೆ ಹೊಸದಾಗಿ ಬಂದವರಿಗೆ: ಕೆಟ್ಟ ಮಿಕ್ಸಿ, ಹಳೇ ಫೋನು, ಸತ್ತ ಬ್ಯಾಟರಿ ಎಲ್ಲಿ ಕೊಡಬೇಕು?

ನಮ್ಮೂರಲ್ಲಾದರೆ ಟಿ.ವಿ. ಕೆಟ್ಟರೆ ಗುಜರಿಯವರು ಮನೆ ಬಾಗಿಲಿಗೇ ಬರುತ್ತಾರೆ, ಕೈಗೆ ನಾಲ್ಕು ಕಾಸನ್ನೂ ಕೊಟ್ಟು ಹೋಗುತ್ತಾರೆ. ಮ್ಯೂನಿಕ್‌ನಲ್ಲಿ ಆ ಪದ್ಧತಿ ಇಲ್ಲ. ಎಲ್ಲಿ ಕೊಡಬೇಕೋ ಗೊತ್ತಾಗದೆ ಎಷ್ಟೋ ಮನೆಗಳಲ್ಲಿ ಕೆಟ್ಟ ಸಾಮಾನೆಲ್ಲ ಕೆಲ್ಲರ್ (ನೆಲಮಾಳಿಗೆ) ಸೇರುತ್ತದೆ. ಮನೆ ಖಾಲಿ ಮಾಡುವ ವಾರ ಅದೇ ದೊಡ್ಡ ತಲೆನೋವು. ನಿಜ ಹೇಳಬೇಕೆಂದರೆ ಇದು ಕಷ್ಟದ ಕೆಲಸ ಅಲ್ಲ. ದುಡ್ಡೂ ಬೇಕಿಲ್ಲ. ಬಹಳ ಸಲ ನೀವು ದಿನಾ ಹೋಗುವ ಅಂಗಡಿಯೇ ಅದನ್ನು ವಾಪಸ್ ತೆಗೆದುಕೊಳ್ಳಬೇಕು. ಇದು ಕಾನೂನು.

ಮೊದಲು ಒಂದು ಗುರುತು ನೋಡಿಕೊಳ್ಳಿ. ಸಾಮಾನಿನ ಹಿಂದೆ, ಇಲ್ಲವೇ ಚಾರ್ಜರ್ ಮೇಲೆ, ಚಕ್ರದ ಕಸದ ಡಬ್ಬಿಗೆ ಅಡ್ಡಗೀಟು ಹಾಕಿದ ಚಿತ್ರ ಇರುತ್ತದೆ. ಅದು ಇದ್ದರೆ ಮನೆ ಕೆಳಗಿನ ಯಾವ ಡಬ್ಬಿಗೂ ಹಾಕುವ ಹಾಗಿಲ್ಲ. ಫೋನು, ಲ್ಯಾಪ್‌ಟಾಪ್ ಎಂದರೆ ಎಲ್ಲರಿಗೂ ಹೊಳೆಯುತ್ತದೆ. ಆದರೆ ದೀಪಾವಳಿಯ ಸೀರಿಯಲ್ ಸೆಟ್, ಸೊಳ್ಳೆ ಬ್ಯಾಟ್, ನಡೆದಾಗ ಲೈಟ್ ಮಿನುಗುವ ಮಕ್ಕಳ ಶೂ, ಇವೂ ಇದೇ ಲೆಕ್ಕ. 2018ರಿಂದ ಇಂಥವೆಲ್ಲ ಕಾನೂನಿನೊಳಗೆ ಬಂದಿವೆ. ಬಲ್ಬುಗಳಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ. ಎಲ್‌ಇಡಿ, ಸಿಎಫ್‌ಎಲ್, ಟ್ಯೂಬ್‌ಲೈಟ್ ವಾಪಸ್ ಕೊಡಬೇಕು. ಹಳೇ ತಂತಿ ಬಲ್ಬು ಮತ್ತು ಹ್ಯಾಲೋಜನ್ ರೆಸ್ಟ್‌ಮ್ಯುಲ್ (ಉಳಿದ ಕಸದ) ಡಬ್ಬಿಗೆ ಹೋಗಬಹುದು.

ಅಂಗಡಿಯಲ್ಲೇ ಕೊಡಿ

ಯಾವ ಕಡೆಯಿಂದ ಅಳೆದರೂ 25 ಸೆಂ.ಮೀ. ಮೀರದ ಸಾಮಾನು ಅಂದರೆ ಫೋನು, ಟ್ರಿಮ್ಮರ್, ಇಯರ್‌ಫೋನ್, ರೂಟರ್, ಚಾರ್ಜರ್. ಇವನ್ನು ಮೀಡಿಯಾಮಾರ್ಕ್ಟ್‌ನಂಥ ದೊಡ್ಡ ಎಲೆಕ್ಟ್ರಾನಿಕ್ ಅಂಗಡಿಗಳು ಸುಮ್ನೆ ತೆಗೆದುಕೊಳ್ಳಬೇಕು. ಏನೂ ಖರೀದಿಸಬೇಕಿಲ್ಲ, ಬಿಲ್ ತೋರಿಸಬೇಕಿಲ್ಲ, ಅಲ್ಲೇ ಕೊಂಡಿದ್ದಾಗಿರಬೇಕು ಅಂತಲೂ ಇಲ್ಲ. ಒಂದೊಂದು ಬಗೆಯಲ್ಲಿ ಮೂರರವರೆಗೆ ಕೊಡಬಹುದು. 2022ರ ಜುಲೈನಿಂದ ದೊಡ್ಡ ಸೂಪರ್‌ಮಾರ್ಕೆಟ್‌ಗಳಿಗೂ ಇದೇ ನಿಯಮ: 800 ಚದರ ಮೀಟರ್‌ಗಿಂತ ಚಿಕ್ಕದಲ್ಲದ, ವರ್ಷದಲ್ಲಿ ಹಲವು ಸಲ ಎಲೆಕ್ಟ್ರಿಕ್ ಸಾಮಾನು ಮಾರುವ ಆಲ್ಡಿ, ಲಿಡ್ಲ್‌ನಂಥವು. ಕ್ಯಾಷ್ ಕೌಂಟರ್‌ನಲ್ಲಿ 'ಆಲ್ಟ್‌ಗೆರೇಟ್' (ಹಳೇ ಎಲೆಕ್ಟ್ರಿಕ್ ಸಾಮಾನು) ಎಂದು ಹೇಳಿ ಸಾಮಾನು ತೋರಿಸಿದರೆ ಸಾಕು. ಹೊಸ ಹುಡುಗರಿಗೆ ನಿಯಮ ಗೊತ್ತಿಲ್ಲದಿರಬಹುದು. ಆಗ ಸಂಕೋಚಪಟ್ಟು ವಾಪಸ್ ಬರಬೇಡಿ, ಮ್ಯಾನೇಜರ್ ಅವರನ್ನು ಕೇಳಿ.

25 ಸೆಂ.ಮೀ. ದಾಟಿದರೆ ಅದೇ ಬಗೆಯ ಹೊಸದನ್ನು ಕೊಳ್ಳುವಾಗ ಹಳೆಯದನ್ನು ಕೊಡಬಹುದು. ಊರಿಂದ ತಂದ ಮಿಕ್ಸಿಯನ್ನು ಒಮ್ಮೆ ಟೇಪ್ ಹಿಡಿದು ಅಳೆಯಿರಿ, ಕೆಲವು ದಾಟುತ್ತವೆ. ಸ್ಟೀಲ್ ಜಾರ್‌ಗಳನ್ನು ಮಾತ್ರ ಬೇರೆ ಇಡಿ. ಅವು ಬರೀ ಲೋಹ.

ಫ್ರಿಜ್, ವಾಷಿಂಗ್ ಮೆಷಿನ್, ದೊಡ್ಡ ಟಿ.ವಿ. ಹೊಸದು ತರಿಸುತ್ತಿದ್ದೀರಾ? ಆರ್ಡರ್ ಮಾಡುವಾಗಲೇ ಹಳೆಯದನ್ನು ಒಯ್ಯುವ ಆಯ್ಕೆ ಗುರುತು ಮಾಡಿ. ಆನ್‌ಲೈನ್‌ನ ದೊಡ್ಡ ಮಾರಾಟಗಾರರಿಗೂ 2022ರಿಂದ ಇದು ಕಡ್ಡಾಯ, ಉಚಿತವಾಗಿಯೇ ಒಯ್ಯಬೇಕು. ಡೆಲಿವರಿ ಹುಡುಗರು ಬಾಗಿಲಲ್ಲಿ ನಿಂತಾಗ ಕೇಳಿದರೆ ಗಾಡಿಯಲ್ಲಿ ಜಾಗ ಇಲ್ಲ ಎನ್ನಬಹುದು. ಫ್ರಿಜ್ ಆದರೆ ಹಿಂದಿನ ದಿನವೇ ಆಫ್ ಮಾಡಿ ಐಸ್ ಕರಗಿಸಿ, ನೀರು ಒರೆಸಿ. ಹಿಂಬದಿಯ ಪೈಪ್ ಬಗ್ಗದಂತೆ ನೋಡಿಕೊಳ್ಳಿ, ಅದರೊಳಗೆ ಗ್ಯಾಸ್ ಇದೆ.

ಬ್ಯಾಟರಿ ವಿಷಯದಲ್ಲಿ ಉದಾಸೀನ ಬೇಡ

ಈ ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಲಿಥಿಯಂ ಬ್ಯಾಟರಿ ಕಸದ ಲಾರಿಯೊಳಗೆ ಒತ್ತಡಕ್ಕೆ ಸಿಕ್ಕಿದರೆ ಹೊತ್ತಿಕೊಳ್ಳುತ್ತದೆ. ಲಾರಿಗಳಲ್ಲಿ, ಕಸ ಬೇರ್ಪಡಿಸುವ ಘಟಕಗಳಲ್ಲಿ ಹೀಗೆ ಬೆಂಕಿ ಬೀಳುತ್ತಲೇ ಇರುತ್ತದೆ. ಅಲ್ಲಿ ಕೆಲಸ ಮಾಡುವವರ ಜೀವದ ಪ್ರಶ್ನೆ ಇದು.

ರಿಮೋಟ್, ಆಟಿಕೆಗಳ ಸಣ್ಣ ಸೆಲ್‌ಗಳಿಗೆ ಡಿಎಂ, ರಾಸ್‌ಮನ್‌ನಂಥ ಸೋಪು-ಶಾಂಪೂ ಅಂಗಡಿಗಳಲ್ಲಿ ಮತ್ತು ಸೂಪರ್‌ಮಾರ್ಕೆಟ್‌ಗಳಲ್ಲಿ ಡಬ್ಬಿ ಇಟ್ಟಿರುತ್ತಾರೆ. ಅಡುಗೆಮನೆಯಲ್ಲಿ ಒಂದು ಖಾಲಿ ಡಬ್ಬಿಯಲ್ಲಿ ಸೇರಿಸಿಟ್ಟು, ದಿನಸಿಗೆ ಹೋಗುವಾಗ ಹಾಕಿ ಬನ್ನಿ. ಲಿಥಿಯಂ ಆದರೆ ಎರಡೂ ತುದಿಗೆ ಟೇಪ್ ಅಂಟಿಸಿ. ಸುಲಭವಾಗಿ ಬಿಚ್ಚಿಬರುವ ಬ್ಯಾಟರಿಯನ್ನು ಸಾಮಾನಿನಿಂದ ತೆಗೆದು ಬೇರೆಯೇ ಕೊಡಿ. ಒಳಗೇ ಕೂರಿಸಿದ್ದನ್ನು ಸ್ಕ್ರೂಡ್ರೈವರ್ ಹಾಕಿ ಕೀಳಬೇಡಿ. ಪವರ್‌ಬ್ಯಾಂಕ್ ಅಥವಾ ಫೋನ್ ಉಬ್ಬಿದ್ದರೆ ಚಾರ್ಜ್‌ಗೆ ಹಾಕಲೇಬೇಡಿ. ಬೆಂಕಿ ಹತ್ತುವ ವಸ್ತುಗಳಿಂದ ದೂರ ಇಟ್ಟು, ಬೇಗ ವೆರ್ಟ್‌ಸ್ಟಾಫ್‌ಹೋಫ್‌ಗೆ ಒಯ್ದು ಸಿಬ್ಬಂದಿಯ ಕೈಗೇ ಕೊಡಿ. ನೀವೇ ತೊಟ್ಟಿಗೆ ಎಸೆಯಬೇಡಿ.

ವೆರ್ಟ್‌ಸ್ಟಾಫ್‌ಹೋಫ್ ಎಂದರೆ ನಗರದ ಕಸ ನಿರ್ವಹಣೆಯ ಎಡಬ್ಲ್ಯೂಎಂ ಸಂಸ್ಥೆ ನಡೆಸುವ, ಮರುಬಳಕೆಯ ಸಾಮಾನು ಸಂಗ್ರಹಿಸುವ ಕೇಂದ್ರ. ಊರಿನ ಬೇರೆ ಬೇರೆ ಭಾಗಗಳಲ್ಲಿವೆ. ಮನೆಬಳಕೆಯ ಎಲೆಕ್ಟ್ರಿಕ್ ಸಾಮಾನನ್ನು ಚಿಕ್ಕದು ದೊಡ್ಡದೆನ್ನದೆ ಉಚಿತವಾಗಿ ತೆಗೆದುಕೊಳ್ಳುತ್ತಾರೆ. ವಿಳಾಸದ ಪುರಾವೆ ಕೇಳಬಹುದು, ಜೊತೆಗಿರಲಿ. ಗಾರ್ಕಿಂಗ್, ಉಂಟರ್‌ಹಾಕಿಂಗ್‌ನಂಥ ಕಡೆ ಇರುವವರು ಮ್ಯೂನಿಕ್ ಕೇಂದ್ರಕ್ಕಲ್ಲ, ನಿಮ್ಮ ಊರಾಡಳಿತದ ಕೇಂದ್ರಕ್ಕೆ ಹೋಗಬೇಕು. ಇನ್ನೂ ಓಡುವ ಸಾಮಾನಾದರೆ ಅಲ್ಲಿಯೇ ಹೇಳಿ. ಚೆನ್ನಾಗಿರುವುದು ಪಾಸಿಂಗ್‌ನ 'ಹಾಲೆ 2' ಎಂಬ ಎಡಬ್ಲ್ಯೂಎಂನ ಸೆಕೆಂಡ್‌ಹ್ಯಾಂಡ್ ಅಂಗಡಿ ಸೇರಿ ಕಡಿಮೆ ಬೆಲೆಗೆ ಮಾರಾಟವಾಗುತ್ತದೆ. ಹೊಸದಾಗಿ ಮನೆ ಹೂಡುವವರೂ ಅಲ್ಲಿ ಒಂದು ಸುತ್ತು ಹಾಕಿ ಬನ್ನಿ, ಒಳ್ಳೆಯ ಸಾಮಾನು ಸಿಗುತ್ತದೆ.

ಫೋನ್ ಕೊಡುವ ಮೊದಲು

ನಮ್ಮವರು ಎಡವುವುದು ಇಲ್ಲೇ. ಭಾರತದ ಬ್ಯಾಂಕಿನ ಒಟಿಪಿ ಬರುವ ಸಿಮ್ ಹಳೇ ಫೋನಿನಲ್ಲೇ ಇರುತ್ತದೆ ಅಲ್ವಾ? ಅದನ್ನು ಹೊಸ ಫೋನಿಗೆ ಹಾಕಿ, ಒಂದು ಒಟಿಪಿ ಬರಿಸಿ ನೋಡಿ. ಬ್ಯಾಂಕ್ ಆ್ಯಪ್, ಯುಪಿಐ, ವಾಟ್ಸ್‌ಆ್ಯಪ್, ಅಪ್ಪ ಅಮ್ಮನ ಫೋಟೊಗಳು ಎಲ್ಲ ಹೊಸದಕ್ಕೆ ಬಂದವೇ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಹೊರಬಂದು ಫ್ಯಾಕ್ಟರಿ ರೀಸೆಟ್ ಮಾಡಿ, ಮೆಮೊರಿ ಕಾರ್ಡ್ ತೆಗೆಯಿರಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಎಷ್ಟೇ ಹಳತಾಗಿರಲಿ, ಆಫೀಸಿಗೇ ಕೊಡಿ. ಹಾಗೆಯೇ ಬಾಡಿಗೆ ಮನೆಯ ಜೊತೆಗೇ ಬಂದ ಒಲೆ, ಫ್ರಿಜ್ ಕೆಟ್ಟರೆ ಮಾಲೀಕರಿಗೆ ಬರೆದು ತಿಳಿಸಿ. ಅವು ನಿಮ್ಮ ಸಾಮಾನಲ್ಲ.

ಯಾರಿಗಾದರೂ ಬೇಕಾದೀತು ಅಂತ ಕೆಟ್ಟ ಟಿ.ವಿ.ಯನ್ನು ಫುಟ್‌ಪಾತ್ ಮೇಲೆ ಇಟ್ಟರೆ ದಂಡ ಬೀಳಬಹುದು. ಅಂಚೆಪೆಟ್ಟಿಗೆಗೆ ಆಗಾಗ ಒಂದು ಚೀಟಿಯೂ ಬರುತ್ತದೆ: ಇಂಥ ದಿನ ಹಳೇ ಎಲೆಕ್ಟ್ರಿಕ್ ಸಾಮಾನು ಮನೆ ಮುಂದೆ ಇಡಿ, ನಾವು ಒಯ್ಯುತ್ತೇವೆ ಅಂತ. ಗುಜರಿಯ ನೆನಪಾಗಿ ಇಡಬೇಡಿ. ಇಲ್ಲಿ ಮನೆಗಳಿಂದ ಇಂಥ ಸಾಮಾನು ಸಂಗ್ರಹಿಸುವ ಹಕ್ಕು ನಗರಾಡಳಿತ, ಮಾರಾಟಗಾರರು, ತಯಾರಕರು ಮತ್ತು ಪ್ರಮಾಣಪತ್ರ ಪಡೆದ ಸಂಸ್ಕರಣಾ ಘಟಕಗಳಿಗೆ ಮಾತ್ರ ಇದೆ. ಹೀಗೆ ಕದ್ದುಮುಚ್ಚಿ ಹೋದದ್ದರಲ್ಲಿ ಒಂದಷ್ಟು ಆಫ್ರಿಕಾದ ದೇಶಗಳಿಗೆ ಸಾಗುತ್ತದೆ. ಅಲ್ಲಿ ತಾಮ್ರಕ್ಕಾಗಿ ವೈರ್ ಸುಡುವವರು ಆ ಹೊಗೆಯನ್ನೇ ಉಸಿರಾಡುತ್ತಾರೆ.

ಕಾರಿಲ್ಲದವರು ಚಿಂತೆ ಮಾಡಬೇಡಿ. ಇಲ್ಲಿನ ನಮ್ಮವರ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಮ್ಮ ಏರಿಯಾ ಮತ್ತು ಸಾಮಾನಿನ ಫೋಟೊ ಹಾಕಿ. ವೆರ್ಟ್‌ಸ್ಟಾಫ್‌ಹೋಫ್ ಕಡೆ ಹೋಗುವವರು ಯಾರಾದರೂ ಇದ್ದರೆ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಹೊರಡುವ ಮೊದಲು ಎಡಬ್ಲ್ಯೂಎಂ ಜಾಲತಾಣದಲ್ಲಿ ಆ ದಿನದ ಸಮಯ ನೋಡಿಕೊಳ್ಳಿ. ಭಾನುವಾರ ರಜೆ.